ಎಡ ಪಾದ ಮಾತ್ರ ಕೆಂಪಾಗಿ ಕಾಣುತ್ತಿದೆ: ಥರ್ಮಲ್ ಕ್ಯಾಮೆರಾ ಕೆಟ್ಟಿದೆಯೇ?

ಕೆಂಪುಚಿತ್ರ
ಎಲ್ಲರಿಗೂ ನಮಸ್ಕಾರ. ಫೋನಿಗೆ ಸಿಕ್ಕಿಸುವ ಥರ್ಮಲ್ ಕ್ಯಾಮೆರಾವೊಂದನ್ನು ಕಳೆದ ತಿಂಗಳು ಕೊಂಡೆ. ನನ್ನ ತಂದೆಯವರಿಗೆ ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ಪಾದಗಳಲ್ಲಿ ಸ್ಪರ್ಶಜ್ಞಾನ ಬಹುಮಟ್ಟಿಗೆ ಹೋಗಿದೆ. ಹುಣ್ಣಾಗುವುದಕ್ಕೆ ಮೊದಲೇ ಆ ಜಾಗ ಬಿಸಿಯಾಗುತ್ತದೆಂದು ಓದಿದ್ದರಿಂದ ದಿನವೂ ಸಂಜೆ ಅವರ ಅಂಗಾಲುಗಳ ಚಿತ್ರ ತೆಗೆಯುತ್ತಿದ್ದೇನೆ. ಹತ್ತು ದಿನಗಳಿಂದ ಎಡ ಪಾದ ಕೆಂಡದಂತೆಯೂ ಬಲ ಪಾದ ಕಡುನೀಲಿಯಾಗಿಯೂ ಬರುತ್ತಿದೆ. ಅಂಕಿಗಳಲ್ಲಿ ಎಡಕ್ಕೆ 33, ಬಲಕ್ಕೆ 28 ಡಿಗ್ರಿ ಸೆಲ್ಸಿಯಸ್. ತಂದೆಯವರಿಗೆ ನೋವಿಲ್ಲ, ಗಾಯವಿಲ್ಲ, ಎಂದಿನಂತೆ ಪೇಟೆಗೆ ನಡೆದು ಹೋಗಿ ಬರುತ್ತಾರೆ. ಆದ್ದರಿಂದ ಇದು ಕ್ಯಾಮೆರಾದ್ದೇ ದೋಷವಿರಬೇಕು. ಆ್ಯಪ್ ಎರಡು ಸಲ ತೆಗೆದು ಮತ್ತೆ ಹಾಕಿಯಾಯಿತು. ಮಾರಿದವರು ಅವಧಿ ಮೀರಿದೆ, ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನುತ್ತಿದ್ದಾರೆ. ಉಳಿದದ್ದೆಲ್ಲ ಮಾಮೂಲಿನಂತೆಯೇ ಇದೆ. ದಯವಿಟ್ಟು ಸಹಾಯ ಮಾಡಿ. ನನಗಂತೂ ಸಾಕಾಗಿ ಹೋಗಿದೆ.

ಬೆಸುಗೆಗಾರ
ಇದು ಎಮಿಸಿವಿಟಿಯ, ಅಂದರೆ ಮೇಲ್ಮೈ ತನ್ನ ಶಾಖವನ್ನು ಕಿರಣವಾಗಿ ಎಷ್ಟು ಚೆನ್ನಾಗಿ ಹೊರಸೂಸುತ್ತದೆ ಎಂಬ ಅಂಕಿಯ ಸಮಸ್ಯೆ, ಅನುಮಾನವೇ ಬೇಡ. ಈ ಕ್ಯಾಮೆರಾಗಳು ಕಾರ್ಖಾನೆಯಿಂದ 0.95ಕ್ಕೆ ಹೊಂದಿಸಿಯೇ ಬರುತ್ತವೆ, ಮನುಷ್ಯನ ಚರ್ಮದ್ದು 0.98. ಸೆಟ್ಟಿಂಗ್ಸಿನಲ್ಲಿ ಬದಲಿಸಿ ನೋಡಿ. ಇಲ್ಲಿ ಬರುವ ಹತ್ತು ಪ್ರಶ್ನೆಗಳಲ್ಲಿ ಒಂಬತ್ತಕ್ಕೆ ಇದೇ ಉತ್ತರ.

ಕೆಂಪುಚಿತ್ರ
ಬದಲಿಸಿದೆ. ಐದು ಡಿಗ್ರಿ ಇದ್ದ ವ್ಯತ್ಯಾಸ 4.8ಕ್ಕೆ ಇಳಿಯಿತು. ಬಣ್ಣಗಳು ಹಾಗೆಯೇ ಇವೆ.

ಬೆಸುಗೆಗಾರ
ಇಳಿಯಿತಲ್ಲ, ಅಂದರೆ ದಾರಿ ಸರಿಯಾಗಿದೆ. ಎಡ ಪಾದದ ಚರ್ಮ ಒರಟಾಗಿದ್ದು ಬಲದ್ದು ನುಣುಪಾಗಿದ್ದರೆ ಎರಡರ ಎಮಿಸಿವಿಟಿಯೂ ಬೇರೆಯಾಗಿರುತ್ತದೆ. ಎರಡೂ ಅಂಗಾಲುಗಳಿಗೆ ಕಪ್ಪು ಇನ್ಸುಲೇಶನ್ ಟೇಪಿನ ಒಂದೊಂದು ತುಂಡು ಅಂಟಿಸಿ, ಟೇಪಿನ ಮೇಲೆ ಅಳೆಯಿರಿ. ನಾನು ಇನ್ವರ್ಟರಿನ ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕ್‌ಗಳನ್ನು ಅಳೆಯುವುದೇ ಹೀಗೆ.

ಲೆಕ್ಕಿಗ
ಬೆಸುಗೆಗಾರರೇ, ಹೊಳೆಯುವ ಅಲ್ಯೂಮಿನಿಯಮ್ಮಿಗೆ ನಿಮ್ಮ ಮಾತು ಸರಿ, ಚರ್ಮಕ್ಕೆ ಅನ್ವಯಿಸುವುದಿಲ್ಲ. ಎಮಿಸಿವಿಟಿ ತಪ್ಪಿದ್ದರೆ ಕೋಣೆಯ ಉಷ್ಣತೆಗಿಂತ ಆ ವಸ್ತು ಎಷ್ಟು ಹೆಚ್ಚು ಬಿಸಿಯಿದೆಯೋ ಅದರಲ್ಲಿ ಮಾತ್ರ ಶೇಕಡಾ ಮೂರರಷ್ಟು ತಪ್ಪು ಬರುತ್ತದೆ. ಕೋಣೆ 27 ಡಿಗ್ರಿ ಇದೆ ಎಂದುಕೊಂಡರೆ ಎಡಕ್ಕೆ 0.2ರಷ್ಟು, ಬಲಕ್ಕೆ ನೂರರಲ್ಲಿ ಮೂರು ಭಾಗದಷ್ಟು. ಅವರು ಈಗ ಕಂಡದ್ದೂ ಅಷ್ಟನ್ನೇ. ಉಳಿದ 4.8 ಡಿಗ್ರಿ ಎಲ್ಲಿಂದ ಬಂತು ಎಂಬುದು ಪ್ರಶ್ನೆ.

ಕೆಂಪುಚಿತ್ರ ಅವರೇ, ಎರಡೂ ಪಾದಗಳನ್ನು ಒಂದೇ ಚಿತ್ರದಲ್ಲಿ ತೆಗೆಯುತ್ತೀರಾ, ಬೇರೆ ಬೇರೆಯಾಗಿಯೇ? ಬಣ್ಣದ ಶ್ರೇಣಿಯನ್ನು ಆಟೋದಲ್ಲಿ ಬಿಟ್ಟಿದ್ದೀರಾ? ಆಟೋದಲ್ಲಿದ್ದರೆ ಚೌಕಟ್ಟಿನೊಳಗಿನ ಅತಿ ತಣ್ಣಗಿನದಕ್ಕೆ ನೀಲಿಯನ್ನೂ ಅತಿ ಬಿಸಿಯದಕ್ಕೆ ಕೆಂಪನ್ನೂ ಹಚ್ಚುವುದಷ್ಟೇ ಅದರ ಕೆಲಸ. ಅರ್ಧ ಡಿಗ್ರಿಯ ವ್ಯತ್ಯಾಸವೂ ಆಗ ಕಾಡ್ಗಿಚ್ಚಿನಂತೆ ಕಾಣುತ್ತದೆ. ಇಂಥ ಫೋನ್ ಕ್ಯಾಮೆರಾಗಳ ನಿಖರತೆ ಸಾಮಾನ್ಯವಾಗಿ ಎರಡು ಮೂರು ಡಿಗ್ರಿ ಆಚೀಚೆ ಇರುತ್ತದೆ. ಆದರೆ ಒಂದೇ ಚಿತ್ರದೊಳಗಿನ ಎರಡು ಜಾಗಗಳನ್ನು ಹೋಲಿಸುವಾಗ ಅವು ಡಿಗ್ರಿಯ ಹತ್ತನೇ ಒಂದು ಭಾಗವನ್ನೂ ಗುರುತಿಸಬಲ್ಲವು. ಬೇರೆ ಬೇರೆಯಾಗಿ ತೆಗೆದರೆ ಈ ಅನುಕೂಲವನ್ನು ಕೈಯಾರೆ ಕಳೆದುಕೊಂಡಂತೆ. ಕ್ಯಾಮೆರಾ ತನ್ನನ್ನು ತಾನೇ ಸರಿಹೊಂದಿಸಿಕೊಳ್ಳಲು ಮುಚ್ಚಿ ತೆರೆಯುವ ಒಳಗಿನ ಷಟರ್ ನಡುವೆ ಒಮ್ಮೆ ಟಿಕ್ ಎಂದರೂ ಅಂಕಿಗಳು ಸರಿದಿರುತ್ತವೆ.

ಪಂಪ್‌ಸೆಟ್
ನಿಖರತೆಯ ಮಾತು ಬಂದದ್ದರಿಂದ ಹೇಳುತ್ತೇನೆ. ನಾನು ಮನೆಯಲ್ಲೇ ಬ್ಲ್ಯಾಕ್‌ಬಾಡಿ, ಅಂದರೆ ಕ್ಯಾಮೆರಾವನ್ನು ತಾಳೆ ನೋಡಲು ಗೊತ್ತಾದ ಉಷ್ಣತೆಯಲ್ಲಿ ನಿಲ್ಲುವ ವಸ್ತುವೊಂದನ್ನು ಮಾಡಿಕೊಂಡಿದ್ದೇನೆ. ದಪ್ಪ ಅಲ್ಯೂಮಿನಿಯಮ್ ತುಂಡಿಗೆ ಒತ್ತೊತ್ತಾಗಿ ರಂಧ್ರ ಕೊರೆದು, ಮಂದ ಕಪ್ಪು ಬಣ್ಣ ಬಳಿದು, ಹಿಂದೆ ಕರೆಂಟಿನಿಂದ ಬಿಸಿ ಅಥವಾ ತಣ್ಣಗೆ ಮಾಡುವ ಪೆಲ್ಟಿಯರ್ ಫಲಕ, ಒಳಗೆ ಉಷ್ಣತೆ ಅಳೆಯುವ ಡಿಎಸ್18ಬಿ20 ಸೆನ್ಸರ್. 35 ಡಿಗ್ರಿಗೆ ಇಟ್ಟರೆ 0.1ರಷ್ಟೂ ಅಲುಗಾಡುವುದಿಲ್ಲ. ಪಾದದ ಪಕ್ಕದಲ್ಲಿ ಇದನ್ನಿಟ್ಟು ಚಿತ್ರ ತೆಗೆದರೆ ಆಸ್ಪತ್ರೆಯ ಉಪಕರಣಕ್ಕೇನೂ ಕಡಿಮೆಯಿಲ್ಲ.

ಲೆಕ್ಕಿಗ
ಅಲುಗಾಡದಿರುವುದು ಬೇರೆ, ಸರಿಯಿರುವುದು ಬೇರೆ. ಆ ಸೆನ್ಸರಿನ ನಿಖರತೆಯೇ ಅರ್ಧ ಡಿಗ್ರಿ ಆಚೀಚೆ ಎಂದು ತಯಾರಕರೇ ಬರೆದಿದ್ದಾರೆ.

ಪಂಪ್‌ಸೆಟ್
ನನ್ನ ಸೆನ್ಸರನ್ನು ಕರಗುತ್ತಿರುವ ಮಂಜುಗಡ್ಡೆಯಲ್ಲಿ ಅದ್ದಿ ಸರಿದೂಗಿಸಿದ್ದೇನೆ, ಸ್ವಾಮಿ.

ಲೆಕ್ಕಿಗ
ಸೊನ್ನೆಯಲ್ಲಿ ಸರಿದೂಗಿಸಿದ್ದು 35ರಲ್ಲಿಯೂ ಸರಿಯಿರಬೇಕೆಂಬ ನಿಯಮವಿಲ್ಲ, ಸ್ವಾಮಿ.

ರಾತ್ರಿಪಾಳಿ
ನಾನು ಎಲೆಕ್ಟ್ರಾನಿಕ್ಸಿನವಳಲ್ಲ, ಶುಶ್ರೂಷಕಿ. ಸಕ್ಕರೆ ಕಾಯಿಲೆಯವರ ಪಾದಗಳಿಗೆ ಡ್ರೆಸ್ಸಿಂಗ್ ಮಾಡುವುದರಲ್ಲೇ ಹನ್ನೆರಡು ವರ್ಷ ಕಳೆದಿದ್ದೇನೆ. ಮೊದಲನೆಯದಾಗಿ, ದಯವಿಟ್ಟು ಆ ಪಾದಕ್ಕೆ ಟೇಪ್ ಅಂಟಿಸಬೇಡಿ. ಕೀಳುವಾಗ ಚರ್ಮ ಕಿತ್ತುಬಂದರೆ ಅವರಿಗೆ ತಿಳಿಯುವುದೂ ಇಲ್ಲ, ಬೇಗ ಮಾಯುವುದೂ ಇಲ್ಲ. ಹೀಟ್‌ಸಿಂಕಿಗೆ ಹುಣ್ಣಾಗುವುದಿಲ್ಲ, ಬೆಸುಗೆಗಾರರೇ.

ಎರಡನೆಯದಾಗಿ, ಚಿತ್ರ ತೆಗೆಯುವ ಮೊದಲಿನ ಅರ್ಧ ಗಂಟೆ ತಂದೆಯವರು ಏನೇನು ಮಾಡುತ್ತಾರೆ? ನಡೆದು ಬಂದಿರುತ್ತಾರೆಯೇ, ಕಾಲು ತೊಳೆಯುತ್ತಾರೆಯೇ, ಎಣ್ಣೆ ಹಚ್ಚುತ್ತಾರೆಯೇ, ಫ್ಯಾನಿನ ಕೆಳಗೆ ಕೂರುತ್ತಾರೆಯೇ? ಚಿಕ್ಕದೆನ್ನಿಸಿದ್ದನ್ನೂ ಬಿಡದೆ ಬರೆಯಿರಿ.

ಕೆಂಪುಚಿತ್ರ
ಎರಡೂ ಪಾದಗಳನ್ನು ಬೇರೆ ಬೇರೆಯಾಗಿಯೇ ತೆಗೆಯುತ್ತಿದ್ದೆ, ಬಣ್ಣವೂ ಆಟೋದಲ್ಲೇ ಇತ್ತು. ಆಸಕ್ತಿಯ ವಿಷಯವೊಂದಿದೆ: ತಂದೆಯವರು ರೆಡ್ ಆಕ್ಸೈಡ್ ನೆಲದ ಮೇಲೆ ನಡೆದುಹೋದ ಮೇಲೂ ಸ್ವಲ್ಪ ಹೊತ್ತು ಅವರ ಹೆಜ್ಜೆಗಳು ಕ್ಯಾಮೆರಾದಲ್ಲಿ ಕಾಣುತ್ತಿರುತ್ತವೆ, ಎಡ ಹೆಜ್ಜೆ ಹೊಳೆಯುತ್ತದೆ, ಬಲ ಹೆಜ್ಜೆ ನೆಲಕ್ಕಿಂತ ಕಪ್ಪಾಗಿರುತ್ತದೆ.

ದಿನಚರಿಯಲ್ಲಿ ವಿಶೇಷವೇನೂ ಇಲ್ಲ. ಪೇಟೆಯಿಂದ ಬಂದ ಕೂಡಲೇ ಬಚ್ಚಲಿನಲ್ಲಿ ಕಾಲು ತೊಳೆಯುತ್ತಾರೆ. ಎಡಗಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿರುವುದರಿಂದ ಬಲಗಾಲನ್ನು ಮಾತ್ರ ತೊಳೆಯುತ್ತಾರೆ. ಆಮೇಲೆ ಜಗುಲಿಯಲ್ಲಿ ಕೂರುತ್ತಾರೆ, ನಾನು ಬ್ಯಾಂಡೇಜ್ ಬಿಚ್ಚಿ ಚಿತ್ರ ತೆಗೆಯುತ್ತೇನೆ.

ಲೆಕ್ಕಿಗ
ಇದನ್ನು ಮೊದಲ ದಿನವೇ ಹೇಳಬಾರದಿತ್ತೇ! ಬಲ ಪಾದದಲ್ಲಿ ನೀರು ಆವಿಯಾಗುತ್ತಾ ಚರ್ಮವನ್ನು ತಣಿಸುತ್ತಿದೆ, ನೆಲದ ಮೇಲಿನ ಕಪ್ಪು ಹೆಜ್ಜೆಯೂ ಆ ನೀರಿನದೇ. ಎಡ ಪಾದವನ್ನು ದಿನವಿಡೀ ಕಂಬಳಿ ಹೊದ್ದಿಸಿಟ್ಟು ಈಗ ತಾನೇ ಬಿಚ್ಚಿದ್ದೀರಿ. ಹಿಗ್ಗಿಸಿ ನೋಡಿದರೆ ಬ್ಯಾಂಡೇಜಿನ ನೇಯ್ಗೆಯ ಪಟ್ಟೆಗಳೂ ಬೆರಳುಸಂದಿಯ ನೀರಿನ ಗೆರೆಗಳೂ ನಿಮ್ಮ ಚಿತ್ರದಲ್ಲೇ ಸಿಗಬಹುದು. ಕ್ಯಾಮೆರಾ ಸರಿಯಾಗಿದೆ, ಸಮಸ್ಯೆ ಬಗೆಹರಿಯಿತು.

ಮುಂದೆ ಹೀಗೆ ಮಾಡಿ. ಎರಡೂ ಪಾದಗಳನ್ನು ಒಣಗಿಸಿ ಒರೆಸಿ, ಬ್ಯಾಂಡೇಜ್ ತೆಗೆದು, ಬಿಸಿಲು, ಗಾಳಿ, ಫ್ಯಾನು ಇಲ್ಲದ ಕೋಣೆಯಲ್ಲಿ ಇಪ್ಪತ್ತು ನಿಮಿಷ ಪಾದಗಳು ಎಲ್ಲಿಗೂ ತಾಗದಂತೆ ಸ್ಟೂಲಿನ ಮೇಲೆ ಚಾಚಿ ಕೂರಿಸಿ. ಕ್ಯಾಮೆರಾಕ್ಕೂ ಕೆಲವು ನಿಮಿಷ ಹದಕ್ಕೆ ಬರಲು ಬಿಟ್ಟು, ಶ್ರೇಣಿಯನ್ನು 24ರಿಂದ 36ಕ್ಕೆ ಬಿಗಿದು, ಎರಡೂ ಪಾದ ಒಂದೇ ಚೌಕಟ್ಟಿನಲ್ಲಿ ಬರುವಂತೆ ನೇರವಾಗಿ ಎದುರಿನಿಂದ ತೆಗೆಯಿರಿ.

ಕಾಫಿತೋಟ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮೂರಿನ ಶಿಬಿರವೊಂದರಲ್ಲಿ ನನ್ನ ಹೆಂಡತಿಯ ಸ್ತನಗಳ ಥರ್ಮಲ್ ಚಿತ್ರ ತೆಗೆದು ತೊಂದರೆಯಿಲ್ಲ ಎಂದರು. ಇನ್ನು ಮ್ಯಾಮೊಗ್ರಾಮ್ ಬೇಡವಲ್ಲವೇ? ಅದೇ ಪರೀಕ್ಷೆಯನ್ನು ನನ್ನ ಕ್ಯಾಮೆರಾದಲ್ಲೂ ಮಾಡಬಹುದೇ?

ರಾತ್ರಿಪಾಳಿ
ಎರಡನೆಯ ಪ್ರಶ್ನೆಗೆ ಖಂಡಿತ ಬೇಡ ಎಂಬುದೇ ಉತ್ತರ. ಮೊದಲನೆಯದಕ್ಕೆ: ಮ್ಯಾಮೊಗ್ರಾಮ್ ವೈದ್ಯರು ಹೇಳಿದ್ದರೆ ಅದನ್ನು ಮಾಡಿಸಲೇಬೇಕು. ಗಡ್ಡೆಯ ಮೇಲಿನ ಚರ್ಮ ಬಿಸಿಯಿರುತ್ತದೆಂಬುದನ್ನು ಮಾಂಟ್ರಿಯಲ್‌ನ ವೈದ್ಯ ಲಾಸನ್ 1956ರಲ್ಲೇ ಗಮನಿಸಿದ್ದರು. ಆ ಉತ್ಸಾಹದಲ್ಲಿ 1970ರ ದಶಕದ ಅಮೆರಿಕದ ದೊಡ್ಡ ತಪಾಸಣಾ ಯೋಜನೆಯಲ್ಲಿ ಥರ್ಮೋಗ್ರಫಿಯನ್ನೂ ಸೇರಿಸಿಕೊಂಡರು, ಆದರೆ ಅದರ ಕಣ್ಣಿಗೆ ಬೀಳದ ಕ್ಯಾನ್ಸರುಗಳು ಹೆಚ್ಚಾದುದರಿಂದ ನಡುವೆಯೇ ಕೈಬಿಟ್ಟರು. ಕ್ಯಾಮೆರಾ ನೋಡುವುದು ಚರ್ಮದ ಮೇಲ್ಮೈಯನ್ನು ಮಾತ್ರ. ಆಳದಲ್ಲಿರುವ ಸಣ್ಣ ಗಡ್ಡೆಯ ಶಾಖ ಮೇಲಕ್ಕೆ ಬರುವಷ್ಟರಲ್ಲಿ ರಕ್ತ ಅದನ್ನು ಹಂಚಿಬಿಟ್ಟಿರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇದು ಮ್ಯಾಮೊಗ್ರಾಮಿಗೆ ಬದಲಿಯಲ್ಲ ಎಂದು 2019ರಲ್ಲೂ ಎಚ್ಚರಿಸಿದೆ.

ಪಂಪ್‌ಸೆಟ್
ಬೆಂಗಳೂರಿನ ನಿರಾಮಯ್ ಕಂಪನಿಯವರು ಇದನ್ನೇ ಮಾಡುತ್ತಿಲ್ಲವೇ?

ರಾತ್ರಿಪಾಳಿ
ಅವರು ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿಗೆ ಕಲಿಸಿ ವಿಶ್ಲೇಷಿಸುತ್ತಾರೆ, ಅದು ಬೇರೆಯೇ ಚರ್ಚೆ. ಅನುಮಾನ ಬಂದವರಿಗೆ ಅಲ್ಲಿಂದ ಮುಂದೆಯೂ ಮ್ಯಾಮೊಗ್ರಾಮ್, ಸ್ಕ್ಯಾನ್, ಬಯಾಪ್ಸಿಗಳೇ ಆಗಬೇಕು. ಕಾಫಿತೋಟ ಅವರು ಬೇಕಾದರೆ ಬೇರೆ ಎಳೆ ಆರಂಭಿಸಲಿ.

ಕೆಂಪುಚಿತ್ರ ಅವರೇ, ಸಮಸ್ಯೆ ಬಗೆಹರಿಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಕ್ರೇಪ್ ಬ್ಯಾಂಡೇಜ್ ಏತಕ್ಕೆ ಸುತ್ತಿದ್ದೀರಿ?

ಕೆಂಪುಚಿತ್ರ
ಮೂರು ವಾರಗಳ ಹಿಂದೆ ಬಸ್ಸಿನಿಂದ ಇಳಿಯುವಾಗ ಎಡಗಾಲು ಉಳುಕಿತು. ಪಾದ ಸ್ವಲ್ಪ ಊದಿಕೊಂಡಿದೆ. ನೋವೇ ಇಲ್ಲವೆಂದು ಅವರೇ ಹೇಳಿದ್ದರಿಂದ ಆಸ್ಪತ್ರೆಗೆ ಹೋಗಲಿಲ್ಲ. ಇಲ್ಲಿ ಹೇಳುವಷ್ಟು ದೊಡ್ಡ ವಿಷಯವೆಂದೂ ಅನ್ನಿಸಲಿಲ್ಲ.

ಲೆಕ್ಕಿಗ ಅವರು ಹೇಳಿದಂತೆಯೇ ಎರಡು ದಿನ ತೆಗೆದೆ. ಈಗ ವ್ಯತ್ಯಾಸ ಮೊದಲ ದಿನ 2.7, ಎರಡನೆಯ ದಿನ 2.6. ಬಿಸಿ ಇರುವುದು ಪಾದದ ನಡುಭಾಗದಲ್ಲಿ. ಐದರಿಂದ ಇಲ್ಲಿಗೆ ಬಂದದ್ದೇ ನೆಮ್ಮದಿ.

ರಾತ್ರಿಪಾಳಿ
ನೆಮ್ಮದಿ ಪಡುವ ಅಂಕಿ ಇದಲ್ಲ. ಅಮೆರಿಕದಲ್ಲಿ ಲೇವರಿ, ಆರ್ಮ್‌ಸ್ಟ್ರಾಂಗ್ ಮೊದಲಾದವರು 2004 ಮತ್ತು 2007ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಮನೆಯಲ್ಲೇ ಪ್ರತಿ ಪಾದದ ಆರು ಜಾಗಗಳನ್ನು ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ದಿನವೂ ಅಳೆಸಿದರು. ಎಡಬಲದ ಒಂದೇ ಜಾಗಕ್ಕೆ 2.2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದಾಗ ನಡೆದಾಟ ತಗ್ಗಿಸಿ ಆಸ್ಪತ್ರೆಗೆ ತಿಳಿಸಿದವರಲ್ಲಿ ಹುಣ್ಣುಗಳು ಕಡಿಮೆಯಾದವು. ನಿಮ್ಮ ತಂದೆಯವರದು ಎರಡು ದಿನವೂ ಆ ಗೆರೆ ದಾಟಿದೆ.

ಸ್ಪರ್ಶ ಹೋದ ಪಾದ ಉಳುಕಿ, ಮೂರು ವಾರ ಊದಿಕೊಂಡೇ ಇದ್ದು, ಬಿಸಿಯೂ ಇದ್ದು, ನೋವಿಲ್ಲವೆಂದರೆ ನಾವು ಹೆದರುವುದು ಶಾರ್ಕೋ ಪಾದಕ್ಕೆ. ಒಳಗೆ ಮೂಳೆಗಳು ಮೆತ್ತಗಾಗಿ ಮುರಿಯುತ್ತಿರುತ್ತವೆ, ನರಗಳು ಸತ್ತಿರುವುದರಿಂದ ಆ ಸುದ್ದಿ ತಲೆಗೆ ಮುಟ್ಟುವುದಿಲ್ಲ, ಮನುಷ್ಯ ನಡೆಯುತ್ತಲೇ ಇರುತ್ತಾನೆ, ಪಾದದ ಕಮಾನು ಕುಸಿಯುತ್ತದೆ. ಇದು ಅದೇ ಎಂದು ನಾನು ಹೇಳುತ್ತಿಲ್ಲ. ಸೋಂಕು, ಗೌಟ್, ಬರೀ ಉಳುಕು ಎಲ್ಲವೂ ಹೀಗೆಯೇ ಬಿಸಿಯಾಗಿ ಕಾಣುತ್ತವೆ. ಯಾವುದೆಂದು ಹೇಳುವ ಶಕ್ತಿ ನಿಮ್ಮ ಕ್ಯಾಮೆರಾಕ್ಕೂ ಇಲ್ಲ, ಲಕ್ಷಾಂತರ ರೂಪಾಯಿಯದಕ್ಕೂ ಇಲ್ಲ. ರಕ್ತಸಂಚಾರ ಕಟ್ಟಿದ ಪಾದ ಸೋಂಕಿದ್ದರೂ ತಣ್ಣಗಿರಬಹುದು, ಎರಡೂ ಪಾದ ಒಟ್ಟಿಗೆ ಕೆಟ್ಟರೆ ವ್ಯತ್ಯಾಸವೇ ಕಾಣದಿರಬಹುದು. ಇಂದಿನಿಂದ ಆ ಕಾಲಿನ ಮೇಲೆ ಭಾರ ಹಾಕಿಸದೆ ನಾಳೆಯೇ ತೋರಿಸಿ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ಎದ್ದು ಬರಬೇಡಿ; ಆರಂಭದಲ್ಲಿ ಹಾಗಾಗುವುದುಂಟು, ಎಂಆರ್‌ಐ ಬೇಕಾಗಬಹುದು.

ಬೆಸುಗೆಗಾರ
ಆಸ್ಪತ್ರೆಗೆ ಹೋಗಲಿ, ಬೇಡವೆನ್ನುವುದಿಲ್ಲ. ಆದರೆ ಊದಿದ ಚರ್ಮ ಬಿಗಿದು ಹೊಳೆಯುತ್ತದೆ, ಹೊಳೆದರೆ ಎಮಿಸಿವಿಟಿ ಬದಲಾಗುತ್ತದೆ ಎಂಬ ನನ್ನ ಮಾತಿಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಲೆಕ್ಕಿಗ
ಕಣ್ಣಿಗೆ ಹೊಳೆಯುವುದೆಲ್ಲ ಕ್ಯಾಮೆರಾ ನೋಡುವ ಹತ್ತು ಮೈಕ್ರಾನಿನ ಶಾಖಕಿರಣಕ್ಕೂ ಹೊಳೆಯಬೇಕೆಂದಿಲ್ಲ. ನೀರೂ ಹೊಳೆಯುತ್ತದೆ, ಅದರ ಎಮಿಸಿವಿಟಿ 0.96ರ ಆಸುಪಾಸಿನಲ್ಲಿದೆ. ಕೊಟ್ಟಾಯಿತು.

ಕೆಂಪುಚಿತ್ರ
ಐದು ದಿನ ಬರೆಯಲಾಗಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ರಾತ್ರಿಪಾಳಿ ಅವರ ಮಾತು ನೆನಪಾಗಿ ಎಂಆರ್‌ಐ ಬಗ್ಗೆ ಕೇಳಿದೆ. ಅದರಲ್ಲಿ ಪಾದದ ನಡುವಿನ ಮೂಳೆಗಳ ಒಳಗೆ ಊತ ಕಂಡಿತು. ಶಾರ್ಕೋ, ಆದರೆ ಕಮಾನು ಇನ್ನೂ ಕುಸಿದಿಲ್ಲ ಎಂದರು. ಮೊಣಕಾಲಿನ ಕೆಳಗಿನವರೆಗೆ ಕ್ಯಾಸ್ಟ್ ಹಾಕಿದ್ದಾರೆ, ಹಲವು ತಿಂಗಳು ಹಿಡಿಯಬಹುದಂತೆ. ಕ್ಯಾಸ್ಟ್ ಬದಲಿಸುವಾಗಲೆಲ್ಲ ಎರಡೂ ಪಾದಗಳ ಉಷ್ಣತೆ ಹೋಲಿಸುತ್ತಾರಂತೆ. ವ್ಯತ್ಯಾಸ ಇಳಿದು ಹಾಗೆಯೇ ನಿಲ್ಲುವುದು ರೋಗ ತಣಿದದ್ದರ ಗುರುತುಗಳಲ್ಲಿ ಒಂದಂತೆ. ಅವರ ಕೈಯಲ್ಲಿದ್ದದ್ದು ಹಣೆಗೆ ಹಿಡಿಯುವಂಥ ಸಣ್ಣ ಥರ್ಮಾಮೀಟರ್, ಚಿತ್ರವೂ ಇಲ್ಲ, ಬಣ್ಣವೂ ಇಲ್ಲ.

ನನ್ನ ಕ್ಯಾಮೆರಾವನ್ನು ಈಗ ಬಲ ಪಾದಕ್ಕೆ ಮಾತ್ರ ಬಳಸುತ್ತಿದ್ದೇನೆ. ಎಲ್ಲ ಭಾರವೂ ಅದರ ಮೇಲೆಯೇ ಬೀಳುತ್ತಿದೆ, ಹೋಲಿಸಲು ಜೊತೆಯ ಪಾದ ಕ್ಯಾಸ್ಟಿನೊಳಗಿದೆ. ನಿನ್ನೆಯ ಚಿತ್ರದ ಜೊತೆ ಇವತ್ತಿನದನ್ನು ನಂಬಿಕೆಯಿಂದ ಹೋಲಿಸುವ ದಾರಿ ಇದೆಯೇ?

ಬೆಸುಗೆಗಾರ
ವೈದ್ಯರ ಆ ಥರ್ಮಾಮೀಟರಿನಲ್ಲಿ ಎಮಿಸಿವಿಟಿ ಎಷ್ಟಕ್ಕಿತ್ತು, ನೋಡಿದಿರಾ?

ಪಂಪ್‌ಸೆಟ್
ಇದಕ್ಕೇ ನಾನು ಮೊದಲಿನಿಂದ ಬ್ಲ್ಯಾಕ್‌ಬಾಡಿ ಎಂದದ್ದು. ದಿನವೂ ಚೌಕಟ್ಟಿನೊಳಗೆ ಅದೊಂದು ಇರಲಿ. ಅದರ ಅಂಕಿ ಅರ್ಧ ಡಿಗ್ರಿ ತಪ್ಪಿದ್ದರೂ ದಿನವೂ ಅಷ್ಟೇ ತಪ್ಪಿರುತ್ತದೆ, ಇದನ್ನು ಲೆಕ್ಕಿಗ ಅವರೂ ಅಲ್ಲಗಳೆಯಲಾರರು. ನನ್ನ ಬಳಿ ಎರಡಿವೆ, ಅಂಚೆ ವೆಚ್ಚ ಕೊಟ್ಟರೆ ಹಳೆಯದನ್ನು ಕಳಿಸುತ್ತೇನೆ.

ಲೆಕ್ಕಿಗ
ಅಲ್ಲಗಳೆಯುವುದಿಲ್ಲ. ತಂತಿಗಳ ತುದಿಗೆ ಸ್ಲೀವ್ ಹಾಕಿ ಕಳಿಸಿ, ಮತ್ತು ಪಾದಕ್ಕೆ ತಾಗದಷ್ಟು ದೂರದಲ್ಲಿ ಇಡಬೇಕೆಂದು ಡಬ್ಬಿಯ ಮೇಲೆ ಬರೆಯಿರಿ. 35 ಡಿಗ್ರಿಯೇ ಇರಲಿ, ಅವರಿಗೆ ತಾಗಿದ್ದು ತಿಳಿಯುವುದಿಲ್ಲ.