ಸಹಾಯ ಬೇಕು: ಬಳಸಿದ ಸಿ.ಡಿ. ಪ್ಲೇಯರ್ ಆಯ್ಕೆ

ದಾವಣಗೆರೆಯ ನಮ್ಮ ಮನೆಯ ಸ್ಟೀರಿಯೊ ಆಂಪ್ಲಿಫೈಯರ್‌ಗೆ ಜೋಡಿಸಲು ಬಳಸಿದ ಸಿ.ಡಿ. ಪ್ಲೇಯರ್ ಹುಡುಕುತ್ತಿದ್ದೇನೆ, ಮಲ್ಲಿಕಾರ್ಜುನ ಮನ್ಸೂರರ ಗಾಯನದ ಸಿ.ಡಿ.ಗಳನ್ನು ಮತ್ತೆ ನೆಮ್ಮದಿಯಿಂದ ಕೇಳಬೇಕೆಂಬುದು ನನ್ನ ಆಸೆ. ಸದ್ಯ ಎರಡು ಕಣ್ಣಿಗೆ ಬಿದ್ದಿವೆ. ಒಂದರ ಧ್ವನಿ ಬಹಳ ಹಿಡಿಸಿತು, ಆದರೆ ಸಿ.ಡಿ.ಯ ಕೊನೆಯ ಟ್ರ್ಯಾಕ್‌ಗಳಿಗೆ ಬಂದಾಗ ಅದು ತಡವರಿಸುತ್ತದೆ, ಕಂಪ್ಯೂಟರಿನಲ್ಲಿ ಬರೆದ ಸಿ.ಡಿ.ಯನ್ನಂತೂ ಓದುವುದೇ ಇಲ್ಲ. ಇದಕ್ಕೆ ಕಾರಣ ಲೆನ್ಸಿನ ಮೇಲಿನ ಧೂಳೋ, ಲೇಸರ್‌ನ ಶಕ್ತಿ ಕುಂದಿರುವುದೋ, ಪಿಕಪ್ (ಸಿ.ಡಿ.ಯನ್ನು ಓದುವ, ಲೇಸರ್ ಮತ್ತು ಲೆನ್ಸ್ ಇರುವ ಭಾಗ) ಚಲಿಸುವ ಹಳಿಯಲ್ಲಿ ಗ್ರೀಸ್ ಗಟ್ಟಿಯಾಗಿರುವುದೋ ಎಂಬುದನ್ನು ಕೊಳ್ಳುವ ಮೊದಲೇ ಪತ್ತೆಹಚ್ಚುವುದು ಹೇಗೆ? ಇನ್ನೊಂದು ಜಪಾನಿನ 100 ವೋಲ್ಟ್ ಯಂತ್ರ. ನಮ್ಮ 230 ವೋಲ್ಟ್‌ಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕಾಗುವುದರಿಂದ ಹಿಂದೇಟು ಹಾಕುತ್ತಿದ್ದೇನೆ. ಲೇಸರ್ ಪಿಕಪ್ ಈಗಲೂ ಸಿಗುವ ಮಾದರಿಗಳು ಯಾವುವು, ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿ ಇವನ್ನು ನಂಬಿಕೆಯಿಂದ ರಿಪೇರಿಗೆ ಕೊಡಬಹುದಾದ ಅಂಗಡಿ ಇದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.