ಬೆರಳು ಅಮ್ಮನದು, ದುಡ್ಡು ತೆಗೆದದ್ದು ಯಾರು? ವಕೀಲರ ಜೊತೆ ಭಾನುವಾರದ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕೋರ್ಟಿನಲ್ಲಿ ವಕೀಲೆ. ಮೊಬೈಲು, ಬ್ಯಾಂಕು, ಆಧಾರ್ ವಿಚಾರದಲ್ಲಿ ಕಾನೂನಿನ ಪ್ರಶ್ನೆ ಇದ್ದರೆ ಇವತ್ತು ಇಲ್ಲೇ ಕೇಳಿ. ಖಾತೆ ನಂಬರ್, ಆಧಾರ್ ನಂಬರ್ ಮಾತ್ರ ಗುಂಪಿನಲ್ಲಿ ಹಾಕಬೇಡಿ.

ಪ್ರಶ್ನೆ (ಹೊಸನಗರ ತಾಲೂಕು, ನಗರ ಅನ್ನುವ ಊರಿನ ಹತ್ತಿರದಿಂದ): ಮೇಡಂ, ನಮ್ಮಮ್ಮನಿಗೆ 71 ವರ್ಷ. ಅವರ ಉಳಿತಾಯ ಖಾತೆಯಿಂದ ಸೋಮವಾರ ಹತ್ತು ಸಾವಿರ, ಮಂಗಳವಾರ ಮತ್ತೆ ಹತ್ತು ಸಾವಿರ ಹೋಗಿದೆ. ಓಟಿಪಿ ಬಂದಿಲ್ಲ. ಎಟಿಎಂ ಕಾರ್ಡೇ ಇಲ್ಲ. ಖಾತೆಗೆ ನನ್ನ ಮೊಬೈಲ್ ನಂಬರ್ ಕೊಟ್ಟಿದ್ದೇವೆ. ಮಳೆಗೆ ಕರೆಂಟ್ ಹೋಗಿ ನಾಲ್ಕು ದಿನ ಟವರ್ ಇರಲಿಲ್ಲ. ಶುಕ್ರವಾರ ಪೇಟೆಗೆ ಹೋಗುವಾಗ ಬಸ್ಸಿನಲ್ಲಿ ಎರಡೂ ಮೆಸೇಜು ಒಟ್ಟಿಗೇ ಬಂದವು. ಬ್ಯಾಂಕಿನಲ್ಲಿ ಕೇಳಿದರೆ, "ಆಧಾರ್ ಹಾಕಿ ಬೆರಳು ಇಟ್ಟು ತೆಗೆದಿದ್ದಾರೆ, ನಿಮ್ಮಮ್ಮನೇ ಇಟ್ಟಿರಬೇಕು. ಅಲ್ಲದೆ ಮೂರು ದಿನ ದಾಟಿದೆ" ಅಂದರು. ಅಮ್ಮ ಉಣುಗೋಲು ದಾಟಿ ಹೊರಗೆ ಹೋಗಿ ತಿಂಗಳಾಯಿತು. ಏನು ಮಾಡಲಿ?

ಉತ್ತರ: ತಮ್ಮಾ, ಮೊದಲು ಎರಡು ಕೆಲಸ ಮಾಡು, ಆಮೇಲೆ ಉಳಿದದ್ದು ಓದು. ಈಗಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸು, ಅವರು ಕೊಡುವ ನಂಬರ್ ಬರೆದಿಟ್ಟುಕೋ. ಎರಡನೆಯದು, ಅಮ್ಮನ ಆಧಾರ್‌ನ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡು. ಎಂಆಧಾರ್ ಆ್ಯಪಿನಲ್ಲೋ ಆಧಾರ್ ವೆಬ್‌ಸೈಟಿನಲ್ಲೋ ಆಗುತ್ತದೆ. ಇಲ್ಲದಿದ್ದರೆ ಕಳ್ಳ ಬುಧವಾರ ಬಿಟ್ಟದ್ದನ್ನು ನಾಳೆ ಮುಂದುವರಿಸುತ್ತಾನೆ. ಪಡಿತರಕ್ಕೆ ಹೋಗುವ ದಿನ ತೆಗೆದು, ಮತ್ತೆ ಹಾಕಿದರಾಯಿತು.

ಈಗ "ಮೂರು ದಿನ ದಾಟಿದೆ" ಅನ್ನುವ ಮಾತು. ಇದು ತಪ್ಪು ಲೆಕ್ಕ. ಗ್ರಾಹಕರ ತಪ್ಪಿಲ್ಲದೆ ದುಡ್ಡು ಹೋದರೆ ಏನಾಗಬೇಕು ಅಂತ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ನಿಯಮ ಮಾಡಿತು. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷ ಡಿಸೆಂಬರಿನಲ್ಲಿ ಅಂಥದ್ದೇ ನಿಯಮ ಬಂತು. ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟದಲ್ಲಿ ಒಂದು ರೂಪಾಯಿಯೂ ನಮ್ಮ ಮೇಲಲ್ಲ. ಆ ಮೂರು ದಿನ ಎಲ್ಲಿಂದ ಶುರು? ದುಡ್ಡು ಹೋದ ದಿನದಿಂದ ಅಲ್ಲ. ಬ್ಯಾಂಕಿನ ಸುದ್ದಿ ನಿಮಗೆ ತಲುಪಿದ ಮೇಲೆ. ತಲುಪಿದ ದಿನವನ್ನೂ ಬಿಟ್ಟು ಎಣಿಸಬೇಕು. ಅದೂ ನಿಮ್ಮ ಶಾಖೆ ತೆರೆದಿರುವ ದಿನಗಳನ್ನು ಮಾತ್ರ.

ಅಂದರೆ ನಿನಗೆ ಶುಕ್ರವಾರ ಲೆಕ್ಕಕ್ಕಿಲ್ಲ. ನಿನ್ನೆ ಶನಿವಾರ ಶಾಖೆ ತೆರೆದಿದ್ದರೆ ಅದು ಒಂದು. ನಾಳೆ ಎರಡು, ನಾಡಿದ್ದು ಮೂರು. ಇನ್ನೂ ಒಳಗೇ ಇದ್ದೀಯ. ಮೆಸೇಜು ಯಾವಾಗ ತಲುಪಿತು ಅಂತ ದಾಖಲೆ ಇಡುವುದು ಬ್ಯಾಂಕಿನ ಹೊಣೆ ಅಂತ ಅದೇ ನಿಯಮದಲ್ಲಿದೆ. ಮಲೆನಾಡಿನವರು ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕಳಿಸಿದ ಮೆಸೇಜು ತಲುಪಿದ ಮೆಸೇಜಲ್ಲ. ನಿನ್ನ ಫೋನಿನಲ್ಲಿ ಆ ಮೆಸೇಜನ್ನು ಒತ್ತಿ ಹಿಡಿದು ವಿವರ ನೋಡು. ಕಳಿಸಿದ ಸಮಯ, ತಲುಪಿದ ಸಮಯ ಬೇರೆ ಬೇರೆ ತೋರಿಸುವ ಫೋನುಗಳಿವೆ. ತೋರಿಸಿದರೆ ಸ್ಕ್ರೀನ್‌ಶಾಟ್ ತೆಗೆ. ಆವತ್ತಿನ ಬಸ್ ಟಿಕೆಟ್ ಇದ್ದರೆ ಅದನ್ನೂ ಎಸೆಯಬೇಡ.

ನಾಳೆ ಬರವಣಿಗೆಯಲ್ಲಿ ದೂರು ಕೊಡು. ಬಾಯಿಮಾತಿನಲ್ಲಿ ಹೇಳಿ ಬಂದರೆ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಎರಡು ಪ್ರತಿ ಮಾಡು, ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೋ. ಹಾಕುವುದಿಲ್ಲ ಅಂದರೆ ಬ್ಯಾಂಕಿನ ಇಮೇಲಿಗೆ ಕಳಿಸಿ, ರಿಜಿಸ್ಟರ್ಡ್ ಪೋಸ್ಟೂ ಮಾಡು. ತಿಳಿಸಿದ 10 ಕೆಲಸದ ದಿನದೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ತೋರಿಸಬೇಕು, 90 ದಿನದೊಳಗೆ ಇತ್ಯರ್ಥ ಮಾಡಬೇಕು.

"ನಿಮ್ಮಮ್ಮನೇ ಬೆರಳಿಟ್ಟಿರಬೇಕು" ಅಂದರಲ್ಲ, ಅದನ್ನು ತೋರಿಸಿಕೊಡಬೇಕಾದವರೂ ಅವರೇ. ಗ್ರಾಹಕರ ತಪ್ಪು ಅಂತ ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ಆಧಾರ್ ಮೂಲಕ ದುಡ್ಡು ತೆಗೆಯುವ ಪದ್ಧತಿಯಲ್ಲಿ ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ಓಟಿಪಿ ಕೇಳುವುದಿಲ್ಲ. ಬೆರಳಚ್ಚನ್ನು ಕಾಗದದಿಂದ ಎತ್ತಿ ಅಂಟಿನ ಅಚ್ಚು ಮಾಡುತ್ತಾರೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ಇಂಥ ಪ್ರಕರಣಗಳು ಬಂದಾಗ ಜಮೀನು ನೋಂದಣಿ ಪತ್ರಗಳಲ್ಲಿರುವ ಹೆಬ್ಬೆಟ್ಟಿನ ಗುರುತಿನ ಮೇಲೆ ಅನುಮಾನ ಬಂದಿತ್ತು. ಅಮ್ಮ ಇತ್ತೀಚೆಗೆ ಏನಾದರೂ ನೋಂದಣಿಗೆ ಸಹಿ ಹಾಕಿದ್ದಾರಾ?

ಅದೇ ಸದಸ್ಯರು: ಹೌದು ಮೇಡಂ, ಹೋದ ವರ್ಷ ತೋಟದ ಪಾಲು ಪತ್ರ ಆಯಿತು. ಇನ್ನೊಂದು ಮಾತು. ಅಮ್ಮ ಅಡಿಕೆ ಸುಲಿದು ಸುಲಿದು ಬೆರಳಿನ ಗೆರೆಯೇ ಅಳಿಸಿಹೋಗಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಹತ್ತು ಸಲ ಒತ್ತಿದರೂ ಮೆಷಿನ್ ತಗೊಳ್ಳಲ್ಲ. ಹಿಂದಿನ ತಿಂಗಳೂ ಹಾಗೇ ಆಯಿತು.

ಉತ್ತರ: ಇದೇ ನಿನ್ನ ಗಟ್ಟಿ ಸಾಕ್ಷಿ. ಆಧಾರ್ ವೆಬ್‌ಸೈಟಿನಲ್ಲಿ ಕಳೆದ ಆರು ತಿಂಗಳಲ್ಲಿ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಅನ್ನುವ ಪಟ್ಟಿ ಸಿಗುತ್ತದೆ. ತಾರೀಕು, ಗಂಟೆ, ಯಾವ ಸಂಸ್ಥೆ, ಪಾಸಾಯಿತೋ ಫೇಲಾಯಿತೋ, ಎಲ್ಲ ಇರುತ್ತದೆ. ಪಡಿತರ ಅಂಗಡಿಯಲ್ಲಿ ಅಮ್ಮನ ನಿಜವಾದ ಬೆರಳು ಸಾಲಾಗಿ ಫೇಲಾಗಿದೆ. ಎಲ್ಲೋ ದೂರದ ಮೆಷಿನ್ನಿನಲ್ಲಿ ಅದೇ ಬೆರಳು ಪಾಸಾಗಿದೆ. ಆ ಪಟ್ಟಿಯನ್ನು ಪ್ರಿಂಟ್ ತೆಗೆದು ದೂರಿಗೆ ಲಗತ್ತಿಸು. ಯಾವ ಏಜೆಂಟರ ಮೆಷಿನ್, ಯಾವ ಊರು ಅಂತ ಬ್ಯಾಂಕಿನಿಂದ ಬರವಣಿಗೆಯಲ್ಲಿ ಕೇಳು.

ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆಗೆ ಅದೇ ದೂರಿನ ಪ್ರತಿ ಕೊಡು. ಇನ್ನೊಬ್ಬರ ಬೆರಳಚ್ಚು, ಪಾಸ್‌ವರ್ಡ್ ಬಳಸಿ ಮೋಸ ಮಾಡುವುದು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಸಿ ಕಲಂನ ಅಪರಾಧ, ಮೂರು ವರ್ಷದವರೆಗೆ ಜೈಲು. "ನಮ್ಮ ಹದ್ದಲ್ಲ" ಅಂದರೆ ಒಪ್ಪಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ (ಪೊಲೀಸರು, ಕೋರ್ಟು ಕೇಸು ನಡೆಸುವ ರೀತಿಯ ಕಾನೂನು) 173ನೇ ಕಲಂ ಪ್ರಕಾರ ಇಂಥ ಅಪರಾಧದ ಮಾಹಿತಿಯನ್ನು ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ತಗೊಳ್ಳಬೇಕು.

ಪ್ರಶ್ನೆ (ಆಗುಂಬೆ ಕಡೆಯ ಹೋಮ್‌ಸ್ಟೇ ಮಾಲೀಕರು): ಒಬ್ಬ ಅತಿಥಿ ಎರಡು ರಾತ್ರಿ ಉಳಿದು ಯುಪಿಐನಲ್ಲಿ 4,500 ಕೊಟ್ಟು ಹೋದರು. ಹದಿನೈದು ದಿನದ ನಂತರ ನನ್ನ ಪೂರ್ತಿ ಖಾತೆ ಫ್ರೀಜ್. ಬೇರೆ ರಾಜ್ಯದ ಪೊಲೀಸರು ಹೇಳಿದ್ದಾರಂತೆ. ಅಡುಗೆಯವರಿಗೆ ಸಂಬಳ ಕೊಡಲಿಕ್ಕೂ ಆಗುತ್ತಿಲ್ಲ. ನಾನು ಕಳ್ಳನಾ ಮೇಡಂ?

ಉತ್ತರ: ಅಲ್ಲ ಸಾರ್, ಖಂಡಿತ ಅಲ್ಲ. ಆ ಅತಿಥಿಗೆ ಬಂದ ದುಡ್ಡು ಯಾರದೋ ಮೋಸದ ದುಡ್ಡು. ಅದು ಕೈ ಬದಲಾಗಿ ನಿಮ್ಮ ಹತ್ತಿರ ಬಂದಿರುತ್ತದೆ. ಮೋಸ ಹೋದವರು ದೂರು ಕೊಟ್ಟಾಗ ದುಡ್ಡು ಹರಿದ ಖಾತೆಗಳನ್ನೆಲ್ಲ ತಡೆಯುತ್ತಾರೆ. ಮೇಲೆ ಹೊಸನಗರದ ಅಮ್ಮನ ದುಡ್ಡು ಉಳಿಯಬೇಕಾದರೂ ಈ ತಡೆ ಬೇಕೇ ಬೇಕು. ಆದರೆ 4,500ಕ್ಕಾಗಿ ಪೂರ್ತಿ ಖಾತೆ ಮುಚ್ಚುವುದು ಅನ್ಯಾಯ. ಅಷ್ಟೇ ಮೊತ್ತವನ್ನು ಹಿಡಿದಿಟ್ಟು ಉಳಿದದ್ದನ್ನು ಬಿಡಬೇಕು ಅಂತ ಕೇರಳ ಹೈಕೋರ್ಟ್ 2023ರಲ್ಲೇ ಹೇಳಿದೆ.

ಬ್ಯಾಂಕಿಗೆ ಹೋಗಿ ಮೂರು ವಿಷಯ ಬರೆಸಿಕೊಳ್ಳಿ: ಯಾವ ಠಾಣೆ, ದೂರಿನ ನಂಬರ್ ಎಷ್ಟು, ತಕರಾರಿರುವ ಮೊತ್ತ ಎಷ್ಟು. ಆ ಠಾಣೆಗೆ ಇಮೇಲ್ ಮಾಡಿ. ಅತಿಥಿಗಳ ರಿಜಿಸ್ಟರಿನ ಆ ಪುಟ, ಅವರ ಗುರುತಿನ ಚೀಟಿಯ ಪ್ರತಿ, ಬಿಲ್ಲು, ಯುಪಿಐ ವಹಿವಾಟಿನ ನಂಬರ್ ಜೊತೆಗಿರಲಿ. "4,500 ಹಿಡಿದಿಟ್ಟು ಉಳಿದದ್ದು ಬಿಡಿ" ಅಂತ ಸ್ಪಷ್ಟವಾಗಿ ಬರೆಯಿರಿ. ರಿಜಿಸ್ಟರ್ ಸರಿಯಾಗಿ ಬರೆಯುವ ಹೋಮ್‌ಸ್ಟೇಯವರು ಇಲ್ಲಿ ಅರ್ಧ ಗೆದ್ದ ಹಾಗೆ.

ಅದಕ್ಕೆ ಬಗ್ಗದಿದ್ದರೆ ಕೋರ್ಟು. ಪೊಲೀಸರು ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂನಲ್ಲಿ ಖಾತೆ ತಡೆದರೆ ಮ್ಯಾಜಿಸ್ಟ್ರೇಟರಿಗೆ ಕೂಡಲೇ ವರದಿ ಮಾಡಬೇಕು. ಎಷ್ಟೋ ಕಡೆ ಮಾಡಿರುವುದಿಲ್ಲ. 503ನೇ ಕಲಂನಲ್ಲಿ ಆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಅಷ್ಟು ದೂರ ಓಡಾಡುವುದು ಕಷ್ಟ ಅಂದರೆ ನಮ್ಮ ಹೈಕೋರ್ಟಿಗೆ ರಿಟ್ ಹಾಕುವ ದಾರಿಯಿದೆ. ನಮ್ಮ ಜಿಲ್ಲೆಗೆ ಬೆಂಗಳೂರಿನ ಪೀಠ.

"ಖಾತೆ ಬಿಡಿಸಿಕೊಡ್ತೇವೆ, ಇಷ್ಟು ಕಳಿಸಿ" ಅಂತ ಫೋನು ಬರಬಹುದು. ಅದು ಎರಡನೇ ಮೋಸ. ಪೊಲೀಸ್ ಡ್ರೆಸ್ಸಿನಲ್ಲಿ ವಿಡಿಯೋ ಕಾಲ್ ಮಾಡಿ "ಡಿಜಿಟಲ್ ಅರೆಸ್ಟ್" ಅಂದರೂ ಹೆದರಬೇಡಿ. ಅಂಥ ಬಂಧನ ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಫೋನಿಡಿ, ಅಷ್ಟೇ.

ಪ್ರಶ್ನೆ (ಭದ್ರಾವತಿಯಿಂದ, ಹೆಸರು ಬೇಡ ಅಂದಿದ್ದಾರೆ): ನನ್ನ ತಂಗಿ ಒಂದು ಸಾಲದ ಆ್ಯಪಿನಲ್ಲಿ 6,000 ತಗೊಂಡಳು. ಕೈಗೆ ಬಂದದ್ದು 3,900. ವಾರದಲ್ಲಿ ಪೂರ್ತಿ ಕಟ್ಟಿದಳು. ಇನ್ನೂ ಬಾಕಿ ಅಂತ ಬೈದು, ಅವಳ ಫೋಟೋ ತಿರುಚಿ ನಮ್ಮ ಇಬ್ಬರು ಸಂಬಂಧಿಕರಿಗೆ ಕಳಿಸಿದ್ದಾರೆ. ಅವಳು ಎರಡು ದಿನದಿಂದ ಊಟ ಮಾಡಿಲ್ಲ.

ಉತ್ತರ: ಅಕ್ಕಾ, ಇವತ್ತು ರಾತ್ರಿ ಅವಳನ್ನು ಒಬ್ಬಳನ್ನೇ ಬಿಡಬೇಡಿ. ಪಕ್ಕದಲ್ಲಿ ಕೂತು ಊಟ ಮಾಡಿಸಿ. ಅವಳು ಮಾಡಿದ್ದು ಸಾಲ, ಅದನ್ನು ತೀರಿಸಿಯೂ ಆಗಿದೆ. ಅಪರಾಧ ಮಾಡಿದವರು ಅವರು. ಇದನ್ನು ಅವಳಿಗೆ ನಾಲ್ಕು ಸಲ ಹೇಳಿ. ನನ್ನ ಕಚೇರಿಗೆ ಹೀಗೆ ಬಂದ ಹುಡುಗಿಯರೆಲ್ಲ ತಲೆ ತಗ್ಗಿಸಿಕೊಂಡೇ ಒಳಗೆ ಬರುತ್ತಾರೆ. ನನಗೆ ಅದನ್ನು ನೋಡುವುದು ತುಂಬಾ ಕಷ್ಟ.

ಇನ್ನು ಒಂದು ರೂಪಾಯಿಯೂ ಕಟ್ಟಬೇಡಿ. ಕಟ್ಟಿದಷ್ಟೂ ಕೇಳುತ್ತಾರೆ. ಫೋಟೋ ಬಂದ ಆ ಇಬ್ಬರಿಗೂ ಫೋನ್ ಮಾಡಿ: ಅಳಿಸಬೇಡಿ, ಯಾರಿಗೂ ಕಳಿಸಬೇಡಿ, ನಂಬರ್ ಮತ್ತು ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ ಅನ್ನಿ. ಆ್ಯಪಿನಲ್ಲಿ ಸಾಲದ ವಿವರ, ಕಟ್ಟಿದ ರಸೀದಿ ಇರುವ ಪುಟಗಳದ್ದೂ ತೆಗೆಯಿರಿ. ಆಮೇಲೆ ಅದಕ್ಕೆ ಕೊಟ್ಟ ಪರ್ಮಿಷನ್ ಎಲ್ಲ ತೆಗೆದು, ಕೊನೆಗೆ ಆ್ಯಪ್ ತೆಗೆಯಿರಿ. ಕೋಪದಲ್ಲಿ ಮೊದಲೇ ಅಳಿಸಿಬಿಟ್ಟರೆ ಸಾಕ್ಷಿಯೂ ಹೋಗುತ್ತದೆ.

ಸಾಲದ ಆ್ಯಪು ಫೋನಿನ ಕಾಂಟ್ಯಾಕ್ಟು, ಫೋಟೋ, ಕರೆಪಟ್ಟಿ ಮುಟ್ಟುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲೇ ಹೇಳಿದೆ. ಹೆದರಿಸಿ ದುಡ್ಡು ಕೇಳುವುದು ನ್ಯಾಯ ಸಂಹಿತೆಯ (ಅಪರಾಧ, ಶಿಕ್ಷೆಯ ಕಾನೂನು) 308ರಲ್ಲಿ ಸುಲಿಗೆ. ಅಶ್ಲೀಲ ಚಿತ್ರ ಹರಿಬಿಡುವುದಕ್ಕೆ ಐಟಿ ಕಾಯ್ದೆಯ 67ನೇ ಕಲಂ ಇದೆ. ನಮ್ಮ ರಾಜ್ಯದಲ್ಲಿ 2025ರ ಫೆಬ್ರುವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂತು, ಆಮೇಲೆ ಅದೇ ಕಾಯ್ದೆಯಾಯಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದೂರಿನಲ್ಲಿ ಅದನ್ನೂ ಬರೆಯಿರಿ.

ಫೋಟೋ ಹರಡದಂತೆ ತಡೆಯಲು ಸ್ಟಾಪ್‌ಎನ್‌ಸಿಐಐ ಅನ್ನುವ ಉಚಿತ ವ್ಯವಸ್ಥೆ ಇದೆ. 18 ದಾಟಿದವರಿಗೆ. ಫೋಟೋ ನಿಮ್ಮ ಫೋನಿನಲ್ಲೇ ಇರುತ್ತದೆ, ಅದರ ಗುರುತಿನ ಸಂಕೇತ ಮಾತ್ರ ಹೋಗುತ್ತದೆ. ಅದನ್ನು ಇಟ್ಟುಕೊಂಡು ಜೊತೆ ಸೇರಿರುವ ಕಂಪನಿಗಳು ಆ ಫೋಟೋವನ್ನು ತಡೆಯುತ್ತವೆ. ದೂರು ಕೊಡಲು ಹೋಗುವಾಗ ನಾನೂ ಜೊತೆಗೆ ಬರುತ್ತೇನೆ. ನನಗೆ ಬೇರೆಯಾಗಿ ಮೆಸೇಜ್ ಮಾಡಿ.

ಪ್ರಶ್ನೆ (ಸಾಗರ): ತೋಟದ ಬೇಲಿ ಜಗಳದಲ್ಲಿ ಪಕ್ಕದವರು ಫೋನಿನಲ್ಲಿ ಕಡಿಯುತ್ತೇನೆ ಅಂದಿದ್ದು ರೆಕಾರ್ಡ್ ಆಗಿದೆ. ಕೋರ್ಟಿನಲ್ಲಿ ನಡೆಯುತ್ತದಾ?

ಉತ್ತರ: ನಡೆಯುತ್ತದೆ, ಕಾಪಾಡಿಕೊಂಡರೆ. ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ರೆಕಾರ್ಡಿಂಗ್ ಕತ್ತರಿಸಬೇಡಿ, ಬೈಗುಳ ನಿಮ್ಮದೂ ಇದ್ದರೂ ಪೂರ್ತಿ ಇರಲಿ. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರತಿಯ ಜೊತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಎರಡು ಭಾಗ, ಒಂದು ನಿಮ್ಮ ಸಹಿಯದ್ದು, ಇನ್ನೊಂದು ತಜ್ಞರದ್ದು. ಫೈಲಿನ ಹ್ಯಾಶ್ ಅನ್ನುವ ಸಂಕೇತವನ್ನೂ ಬರೆಯಬೇಕು. ಫೈಲಿನಲ್ಲಿ ಸ್ವಲ್ಪ ಬದಲಾದರೂ ಆ ಸಂಕೇತ ಬದಲಾಗುತ್ತದೆ. ಹಳೆಯ ಕಾಯ್ದೆಯ ಕಾಲದಲ್ಲಿ, 2020ರಲ್ಲಿ, ಮೂಲ ಫೋನನ್ನೇ ಹಾಜರು ಮಾಡಿ ಅದರ ಮಾಲೀಕರು ಸಾಕ್ಷಿ ಹೇಳಿದರೆ ಪ್ರಮಾಣಪತ್ರ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಅದಕ್ಕೇ ಫೋನು ಬಿಡಬೇಡಿ ಅನ್ನುವುದು. ಕಡಿಯುತ್ತೇನೆ ಅಂದಿದ್ದಾರೆ ಅಂದಮೇಲೆ ಠಾಣೆಗೆ ಇವತ್ತೇ ತಿಳಿಸಿ.

ಪ್ರಶ್ನೆ (ಗುಂಪಿನ ಅಡ್ಮಿನ್): ಯಾರೋ ಸದಸ್ಯರು ಏನೋ ಹಾಕಿದರೆ ನನ್ನನ್ನು ಹಿಡಿಯುತ್ತಾರಾ?

ಉತ್ತರ: ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಇಲ್ಲ. ಬಾಂಬೆ ಹೈಕೋರ್ಟ್, ಕೇರಳ ಹೈಕೋರ್ಟ್ ಎರಡೂ ಹಾಗೆ ಹೇಳಿವೆ. ಆನ್‌ಲೈನ್ ಸಂದೇಶಗಳ ಮೇಲೆ ಕೇಸು ಹಾಕುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ಹೆಸರಲ್ಲಿ ಯಾರಾದರೂ ಹೆದರಿಸಿದರೆ, ಅದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ ಅನ್ನಿ. ಕೆಟ್ಟದ್ದು ಕಂಡರೆ ಅಳಿಸಿ. ನೀವಾಗಿ ಮುಂದೆ ಕಳಿಸಬೇಡಿ.

ಹೊಸನಗರದ ಸದಸ್ಯರು (ಮಂಗಳವಾರ ಸಂಜೆ): ಮೇಡಂ, ಸೀಲು ಹಾಕಿಸಿಕೊಂಡೆ. ಮೊದಲು ಆಗಲ್ಲ ಅಂದರು. ನೀವು ಹೇಳಿದ ನಿಯಮದ ತಾರೀಕು ಹೇಳಿದ ಮೇಲೆ ಒಳಗೆ ಹೋಗಿ ಬಂದು ಹಾಕಿದರು. ಪಡಿತರ ಅಂಗಡಿಯದ್ದು ಒಂದೇ ದಿನ ಏಳು ಸಲ ಫೇಲ್ ಅಂತ ಪಟ್ಟಿಯಲ್ಲಿ ಬಂದಿದೆ. ಸಿಇಎನ್ ಠಾಣೆಯಲ್ಲೂ ದೂರು ತಗೊಂಡರು. ಇನ್ನೇನು?

ಉತ್ತರ: ಒಳ್ಳೆ ಕೆಲಸ ಮಾಡಿದೆ ತಮ್ಮಾ. ಈಗ ಕ್ಯಾಲೆಂಡರಿನಲ್ಲಿ ಎರಡು ತಾರೀಕು ಗುರುತು ಹಾಕು. ಒಂದು, ಸೀಲು ಬಿದ್ದ ದಿನದಿಂದ 10 ಕೆಲಸದ ದಿನ. ಅಷ್ಟರೊಳಗೆ ಖಾತೆಯಲ್ಲಿ ದುಡ್ಡು ತೋರಿಸದಿದ್ದರೆ ನೆನಪಿನ ಪತ್ರ ಬರೆ, ಅದಕ್ಕೂ ಸೀಲು ಹಾಕಿಸು. ಇನ್ನೊಂದು, 30 ದಿನ. ಅಷ್ಟರಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ಗ್ರಾಹಕರ ದೂರು ಕೇಳುವ ಓಂಬುಡ್ಸ್‌ಮನ್‌ಗೆ ದೂರು. ಆನ್‌ಲೈನಿನಲ್ಲೇ ಕೊಡಬಹುದು, ಶುಲ್ಕ ಇಲ್ಲ, ವಕೀಲರೂ ಬೇಡ. ನಿಮ್ಮಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಕಾಗದಗಳನ್ನು ತಗೊಂಡು ಶಿವಮೊಗ್ಗಕ್ಕೆ ಬಾ, ನನ್ನ ಕಚೇರಿಯಲ್ಲಿ ಕೂತು ಹಾಕೋಣ. ಅಮ್ಮನನ್ನು ಓಡಾಡಿಸಬೇಡ, ಅವರ ಸಹಿ ಮಾಡಿಸಿದ ಅಧಿಕಾರ ಪತ್ರ ತಂದರೆ ಸಾಕು.