ಹಳೆಯ ಷೆವರ್ಲೆ 3100 ಪಿಕಪ್: ಒಳಗಿರುವುದು 216 ಎಂಜಿನ್ನೇ, 235 ಎಂಜಿನ್ನೇ? ಜಾಮ್ ಆಗಿರುವುದನ್ನು ಬಿಡಿಸುವುದು ಹೇಗೆ?

ಜೋಡಿಗಾಜು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಹಳ ವರ್ಷಗಳಿಂದ ಶೆಡ್ಡಿನಲ್ಲಿ ನಿಂತೇ ಇದ್ದ ಷೆವರ್ಲೆ 3100 ಪಿಕಪ್ ಒಂದನ್ನು ಇತ್ತೀಚೆಗೆ ಕೊಂಡಿದ್ದೇನೆ. ಬಾಗಿಲ ಕಂಬದ ಮೇಲಿನ ತಗಡಿನ ಪಟ್ಟಿಯಲ್ಲಿ ‘ಜೆಪಿ’ ಎಂಬ ಅಕ್ಷರಗಳಿವೆ, ಮುಂದಿನ ಗಾಜು ಎರಡು ಹೋಳಿನದು, ಬಾಗಿಲುಗಳಲ್ಲಿ ಗಾಳಿಗಾಗಿ ತಿರುಗಿಸಿ ತೆರೆಯುವ ಪುಟ್ಟ ತ್ರಿಕೋನ ಗಾಜುಗಳಿವೆ. ಇಷ್ಟರಿಂದ ಗಾಡಿ 1951ರ ಮಾದರಿಯದೆಂದು ತಿಳಿದುಕೊಂಡಿದ್ದೇನೆ. ಆದರೆ ಎಂಜಿನ್ ವಿಷಯದಲ್ಲಿ ಗೊಂದಲವಿದೆ. ಗಾಡಿ ಮಾರಿದವರು, ಮೂಲ 216 ಘನ ಅಂಗುಲದ ಎಂಜಿನ್ ತೆಗೆದು 235 ಘನ ಅಂಗುಲದ ಎಂಜಿನ್ ಕೂರಿಸಲಾಗಿದೆ ಎಂದರು. ನನ್ನ ಬಳಿ ಅದಕ್ಕೆ ಯಾವ ಕಾಗದಪತ್ರವೂ ಇಲ್ಲ.

ಕಣ್ಣಿಗೆ ಕಂಡದ್ದನ್ನು ಹೇಳುತ್ತೇನೆ. ಸಾಲಾಗಿ ಆರು ಸಿಲಿಂಡರ್‌ಗಳಿವೆ. ವಾಲ್ವ್ ಕವರನ್ನು ಅದರ ನೆತ್ತಿಯ ಮೇಲಿರುವ ಎರಡು ನಟ್‌ಗಳು ಹಿಡಿದಿವೆ. ಪುಶ್ ರಾಡ್‌ಗಳನ್ನು (ವಾಲ್ವ್ ತೆರೆಯಲು ಕೆಳಗಿನಿಂದ ತಳ್ಳುವ ಸರಳುಗಳನ್ನು) ಮುಚ್ಚುವ ಪಕ್ಕದ ತಗಡು ಎತ್ತರವಾಗಿದ್ದು, ಸ್ಪಾರ್ಕ್ ಪ್ಲಗ್‌ಗಳ ಮಟ್ಟವನ್ನೂ ದಾಟಿ ಮೇಲಕ್ಕೆ ಹೋಗಿದೆ. ಡಿಸ್ಟ್ರಿಬ್ಯೂಟರ್ ಬಳಿಯ ಸಮತಟ್ಟಾದ ಜಾಗದಲ್ಲಿ ಕೊರೆದಿರುವ ಎಂಜಿನ್ ನಂಬರ್ ತುಕ್ಕಿನಿಂದ ಅರ್ಧ ಅಳಿಸಿಹೋಗಿದೆ. ಬ್ಲಾಕಿನ ಬಲಭಾಗದಲ್ಲಿ ಎರಕದಲ್ಲೇ ಉಬ್ಬಿಕೊಂಡಿರುವ ‘ಬಿ 7 2’ ಎಂಬ ಗುರುತು ಮಾತ್ರ ತಂತಿ ಬ್ರಷ್ ಹಾಕಿ ಉಜ್ಜಿದ ಮೇಲೆ ಸ್ಪಷ್ಟವಾಗಿ ಓದಲು ಬಂದಿತು. ಡ್ಯಾಶ್‌ಬೋರ್ಡಿನ ಆಯಿಲ್ ಪ್ರೆಶರ್ ಮೀಟರಿನಲ್ಲಿ ಗರಿಷ್ಠ ಅಂಕಿ 30. ಎಂಜಿನ್ ಜಾಮ್ ಆಗಿದೆ, ಕೂದಲೆಳೆಯಷ್ಟೂ ತಿರುಗುತ್ತಿಲ್ಲ.

ಇದು ಯಾವ ಎಂಜಿನ್ ಎಂದು ಖಚಿತವಾಗದೆ ಗ್ಯಾಸ್ಕೆಟ್ ಆಗಲಿ ಬೇರಿಂಗ್ ಆಗಲಿ ತರಿಸಲು ನನಗೆ ಮನಸ್ಸಿಲ್ಲ. ಅನುಭವಿಗಳು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಆರುಸಿಲಿಂಡರ್

ಬಿಡಿಭಾಗ ತರಿಸುವ ಮುಂಚೆ ಎಂಜಿನ್ನನ್ನು ಗುರುತಿಸಲು ಹೊರಟಿರುವುದು ಬಹಳ ಒಳ್ಳೆಯದಾಯಿತು. ಈ ವಂಶದ ಎಂಜಿನ್‌ಗಳು ಹೊರನೋಟಕ್ಕೆ ಅಣ್ಣತಮ್ಮಂದಿರಂತಿದ್ದರೂ ಒಳಗೆ ಎಣ್ಣೆ ಹರಿಯುವ ರೀತಿಯೇ ಬೇರೆ ಬೇರೆ. ಒಂದಕ್ಕೆ ಮಾಡಬೇಕಾದ ಕೆಲಸವನ್ನು ಇನ್ನೊಂದಕ್ಕೆ ಮಾಡಿದರೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟೇ ಹಾಳಾಗುತ್ತದೆ.

ಮೊದಲು ‘ಬಿ 7 2’ ಎಂಬುದನ್ನು ನೋಡೋಣ. ಅದು ಬ್ಲಾಕ್ ಎರಕ ಹೊಯ್ದ ದಿನಾಂಕ. ಅಕ್ಷರ ತಿಂಗಳನ್ನು ಹೇಳುತ್ತದೆ: ಎ ಎಂದರೆ ಜನವರಿ, ಹಾಗೆಯೇ ಮುಂದುವರಿದು ಎಲ್ ಎಂದರೆ ಡಿಸೆಂಬರ್. ನಡುವಿನ ಅಂಕಿ ದಿನ, ಕೊನೆಯದು ವರ್ಷದ ಕಡೆಯ ಅಂಕಿ. ಆದ್ದರಿಂದ ನಿಮ್ಮ ಬ್ಲಾಕ್ ಫೆಬ್ರವರಿ 7ರಂದು, 2ರಿಂದ ಕೊನೆಗೊಳ್ಳುವ ಯಾವುದೋ ಒಂದು ವರ್ಷ ಎರಕವಾಗಿದೆ. ದಶಕ ಯಾವುದೆಂಬುದನ್ನು ಈ ಗುರುತು ಹೇಳುವುದಿಲ್ಲ, ಅದನ್ನು ಉಳಿದ ಲಕ್ಷಣಗಳಿಂದಲೇ ಊಹಿಸಬೇಕು. ಇದು 1952 ಆಗಿದ್ದರೆ, 1951ರ ಗಾಡಿಯೊಳಗೆ 1952ರ ಬ್ಲಾಕ್ ಕಾರ್ಖಾನೆಯಿಂದಲೇ ಬಂದಿರಲು ಸಾಧ್ಯವಿಲ್ಲ. ಅಂದರೆ ಎಂಜಿನ್ ಬದಲಾಗಿದೆ ಎಂಬ ಮಾರಿದವರ ಮಾತು ನಿಜವೇ ಇರಬೇಕು. ಆದರೆ ಬದಲಾದದ್ದು 235ಕ್ಕೇ ಎಂಬುದು ಅಷ್ಟರಿಂದ ಸಿದ್ಧವಾಗುವುದಿಲ್ಲ.

ನೀವು ವಿವರಿಸಿದ ವಾಲ್ವ್ ಕವರ್ ಮತ್ತು ಎತ್ತರದ ಪಕ್ಕದ ತಗಡು, ಇವೆರಡೂ 1954ಕ್ಕಿಂತ ಹಿಂದಿನ ಎಂಜಿನ್ನಿನ ಲಕ್ಷಣಗಳು. 1954ರಿಂದ ಬಂದ 235ರಲ್ಲಿ ವಾಲ್ವ್ ಕವರನ್ನು ಅಂಚಿನಲ್ಲಿರುವ ನಾಲ್ಕು ಸ್ಕ್ರೂಗಳು ಹಿಡಿದಿರುತ್ತವೆ ಮತ್ತು ಪಕ್ಕದ ತಗಡು ಗಿಡ್ಡ. ಪಿಕಪ್‌ಗಳಿಗೆ 1953ರವರೆಗೆ ಕಾರ್ಖಾನೆ ಕೊಡುತ್ತಿದ್ದುದು 1937ರಲ್ಲಿ ಬಂದ 216. ಇಲ್ಲೊಂದು ತೊಡಕಿದೆ. 235 ಎಂಬ ಅಳತೆ 1954ರಲ್ಲಿ ಹುಟ್ಟಿದ್ದಲ್ಲ. 1941ರಿಂದಲೇ ದೊಡ್ಡ ಟ್ರಕ್‌ಗಳಿಗೆ 235 ಎಂಜಿನ್ ಬರುತ್ತಿತ್ತು. ಆ ಹಳೆಯ 235ಕ್ಕೂ 216ಕ್ಕೂ ಹೊರಗಿನಿಂದ ವ್ಯತ್ಯಾಸ ಹೇಳುವುದು ಕಷ್ಟ. ಮೀಟರಿನ 30 ಎಂಬ ಅಂಕಿಯನ್ನೂ ನೆಚ್ಚಿಕೊಳ್ಳಬೇಡಿ, ಅದು ಗಾಡಿಯ ಡ್ಯಾಶ್‌ಬೋರ್ಡಿನ ಮಾತೇ ಹೊರತು ಎಂಜಿನ್ನಿನ ಮಾತಲ್ಲ.

ಹೇಗೂ ಜಾಮ್ ಬಿಡಿಸಲು ಹೆಡ್ (ಸಿಲಿಂಡರ್‌ಗಳ ಮೇಲಿನ ಭಾಗ) ಇಳಿಸಬೇಕಾಗಿ ಬರಬಹುದು. ಇಳಿಸಿದಾಗ ಬೋರ್ (ಸಿಲಿಂಡರಿನ ಒಳವ್ಯಾಸ) ಮತ್ತು ಸ್ಟ್ರೋಕ್ (ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಚಲಿಸುವ ದೂರ) ಎರಡನ್ನೂ ಅಳೆಯಿರಿ. 216ರಲ್ಲಿ ಬೋರ್ 3.5 ಅಂಗುಲ, ಅಂದರೆ 88.9 ಮಿಲಿಮೀಟರ್, ಸ್ಟ್ರೋಕ್ 3.75 ಅಂಗುಲ, ಅಂದರೆ 95.25 ಮಿಲಿಮೀಟರ್. 235ರಲ್ಲಿ ಬೋರ್ 90.5 ಮಿಲಿಮೀಟರ್ ಹತ್ತಿರ, ಸ್ಟ್ರೋಕ್ 100. ಬೋರ್ ಒಂದನ್ನೇ ಅಳೆದು ತೀರ್ಮಾನಕ್ಕೆ ಬರಬೇಡಿ ಎಂದು ಒತ್ತಿ ಹೇಳುತ್ತೇನೆ. 216 ಎಂಜಿನ್ನನ್ನು ಹಿಂದೆ ಯಾರಾದರೂ ಅಂಗುಲದ ಸಾವಿರದಲ್ಲಿ 60 ಭಾಗದಷ್ಟು ಓವರ್‌ಸೈಜ್ ಬೋರ್ ಮಾಡಿಸಿದ್ದರೆ, ಅಂದರೆ ಸಿಲಿಂಡರನ್ನು ಕೊರೆಸಿ ಹಿಗ್ಗಿಸಿದ್ದರೆ, ಅದು 90.42 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಸವೆದ ಸಿಲಿಂಡರಿನಲ್ಲಿ ಅದನ್ನೂ 235ರ ಮೂಲ ಬೋರನ್ನೂ ಬೇರ್ಪಡಿಸಿ ಹೇಳುವುದು ಯಾರಿಂದಲೂ ಆಗದು. ಬೋರ್ ಎಷ್ಟು ದೊಡ್ಡದಾದರೂ ಸ್ಟ್ರೋಕ್ ಬದಲಾಗುವುದಿಲ್ಲ, ಅದನ್ನು ನಿರ್ಧರಿಸುವುದು ಕ್ರ್ಯಾಂಕ್.

ಹಳೆಗೇರ್

ಗುರುತಿನ ವಿಷಯವನ್ನು ಮೇಲಿನವರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾನು ಜಾಮ್ ಬಿಡಿಸುವ ಕೆಲಸದ ಬಗ್ಗೆ ಬರೆಯುತ್ತೇನೆ.

ಯಾವ ಕಾರಣಕ್ಕೂ ಸೆಲ್ಫ್ ಸ್ಟಾರ್ಟರ್ ಕೊಟ್ಟು ತಿರುಗಿಸಲು ನೋಡಬೇಡಿ. ಗಾಡಿಯನ್ನು ಗೇರಿನಲ್ಲಿಟ್ಟು ಬೇರೆ ಗಾಡಿಯಿಂದ ಎಳೆಸುವುದಂತೂ ಬೇಡವೇ ಬೇಡ; ಅಂಟಿಕೊಂಡಿರುವ ಒಂದು ಪಿಸ್ಟನ್ನಿನ ಮೇಲೆ ಇಡೀ ಗಾಡಿಯ ಭಾರ ಬಿದ್ದರೆ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಸರಳು) ಬಾಗುತ್ತದೆ, ಇಲ್ಲವೇ ಪಿಸ್ಟನ್ ಒಡೆಯುತ್ತದೆ. ಆರೂ ಪ್ಲಗ್‌ಗಳನ್ನು ಬಿಚ್ಚಿ, ಪ್ರತಿಯೊಂದು ಸಿಲಿಂಡರಿಗೂ ತುಕ್ಕು ಬಿಡಿಸುವ ತೆಳು ಎಣ್ಣೆ ಹಾಕಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆಯನ್ನೂ ಅಸಿಟೋನನ್ನೂ ಸಮಸಮ ಬೆರೆಸಿ ಹಾಕುವುದು ಹಲವರ ರೂಢಿ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅಸಿಟೋನಿನ ಆವಿಗೆ ಬೇಗ ಬೆಂಕಿ ಹತ್ತಿಕೊಳ್ಳುವುದರಿಂದ ಶೆಡ್ಡಿನ ಬಾಗಿಲು ತೆರೆದಿರಲಿ, ಹತ್ತಿರದಲ್ಲಿ ಕಿಡಿ ಹಾರುವ ಯಾವ ಕೆಲಸವೂ ನಡೆಯದಿರಲಿ. ಹಾಕಿದ ಮೇಲೆ ಅವಸರ ಮಾಡಬೇಡಿ. ಎಣ್ಣೆ ಯಾವ ಸಿಲಿಂಡರಿನಿಂದ ಇಳಿದುಹೋಗುತ್ತಿದೆ, ಯಾವುದರಲ್ಲಿ ಹಾಗೆಯೇ ನಿಂತಿದೆ ಎಂದು ದಿನವೂ ನೋಡಿ ಬರೆದಿಟ್ಟುಕೊಳ್ಳಿ, ಹಾಗೆಯೇ ನಿಂತಿದ್ದರೆ ಅಂಟಿರುವುದು ಬಹುಮಟ್ಟಿಗೆ ಅಲ್ಲೇ.

ತಿರುಗಿಸಲು ನೋಡುವ ಮೊದಲು ವಾಲ್ವ್ ಕವರ್ ತೆಗೆದು ರಾಕರ್ ಶಾಫ್ಟನ್ನು (ವಾಲ್ವ್‌ಗಳನ್ನು ಒತ್ತುವ ತೋಳುಗಳಿರುವ ದಂಡವನ್ನು) ಪೂರ್ತಿ ಬಿಚ್ಚಿಡಿ. ಗೈಡಿನಲ್ಲಿ ಸಿಕ್ಕಿಕೊಂಡಿರುವ ವಾಲ್ವ್ ಇದ್ದಾಗ ಕ್ರ್ಯಾಂಕ್ ತಿರುಗಿದರೆ ಪುಶ್ ರಾಡ್ ಬಾಗುತ್ತದೆ. ಬಿಚ್ಚಿದ ಮೇಲೆ ಪ್ರತಿ ವಾಲ್ವಿನ ತುದಿಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಸ್ಪ್ರಿಂಗ್ ಅದನ್ನು ಟಕ್ಕೆಂದು ಮೇಲಕ್ಕೆ ತಂದರೆ ಸರಿ. ಒಳಕ್ಕೆ ಹೋದದ್ದು ಅಲ್ಲೇ ಉಳಿದರೆ ಹೆಡ್ ಇಳಿಸಲೇಬೇಕು.

ಕ್ರ್ಯಾಂಕ್ ಪುಲ್ಲಿಯನ್ನು ಹಿಡಿದು ತಿರುಗಿಸುವ ಯೋಚನೆ ಬಿಟ್ಟುಬಿಡಿ. ಈ ಎಂಜಿನ್‌ಗಳಲ್ಲಿ ಅದನ್ನು ಒತ್ತಿ ಕೂರಿಸಿರುತ್ತಾರೆ, ಸ್ಪ್ಯಾನರ್ ಹಾಕಲು ನಡುವೆ ಬೋಲ್ಟ್ ಇರುವುದಿಲ್ಲ. ಫ್ಲೈವೀಲಿನ ಕೆಳಗಿನ ಮುಚ್ಚಳ ತೆಗೆದು, ರಿಂಗ್ ಗೇರಿನ ಹಲ್ಲಿಗೆ ಸನ್ನೆಗೋಲು ಕೊಟ್ಟು, ಹಿಂದಕ್ಕೂ ಮುಂದಕ್ಕೂ ಸ್ವಲ್ಪಸ್ವಲ್ಪವೇ ಒತ್ತಿ ನೋಡಿ. ಒಂದು ಹಲ್ಲಿನಷ್ಟು ಅಲುಗಿದರೂ ಅಂದಿಗೆ ಅಷ್ಟು ಸಾಕು. ಮತ್ತೆ ಎಣ್ಣೆ ಹಾಕಿ ಬಿಡಿ.

ಜೋಡಿಗಾಜು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಹೇಳಿದ ಕ್ರಮದಲ್ಲೇ ಮಾಡಿದೆ. ಎಣ್ಣೆ ಐದನೆಯ ಸಿಲಿಂಡರಿನಲ್ಲಿ ಮಾತ್ರ ಇಳಿಯದೆ ನಿಂತಿತ್ತು. ಎರಡು ವಾಲ್ವ್‌ಗಳು ಸಿಕ್ಕಿಕೊಂಡಿದ್ದರಿಂದ ಹೆಡ್ ಇಳಿಸಿದೆ. ನೋಡಿದರೆ ಐದನೆಯದರ ಗೋಡೆಯ ಮೇಲೆ, ಪಿಸ್ಟನ್ ನಿಂತಿದ್ದ ಜಾಗಕ್ಕೆ ಸರಿಯಾಗಿ, ಬಳೆಯಂತೆ ಸುತ್ತಲೂ ತುಕ್ಕು ಕಟ್ಟಿತ್ತು. ಅದನ್ನು ನಯವಾದ ಎಮರಿ ಬಟ್ಟೆಯಿಂದ ತಿಕ್ಕಿ ಸನ್ನೆಗೋಲು ಕೊಟ್ಟಾಗ ಎಂಜಿನ್ ತಿರುಗಿತು, ಈಗ ಪೂರ್ತಿ ಸುತ್ತು ಬರುತ್ತಿದೆ.

ಅಳತೆಗಳು ಹೀಗಿವೆ: ಬೋರ್ 90.4ರಿಂದ 90.5 ಮಿಲಿಮೀಟರ್. ಪಿಸ್ಟನ್ ತೀರ ಕೆಳಗಿದ್ದಾಗಿನಿಂದ ತೀರ ಮೇಲೆ ಬರುವವರೆಗೆ ಡೆಪ್ತ್ ಗೇಜಿನಲ್ಲಿ 95 ಮಿಲಿಮೀಟರಿಗಿಂತ ತುಸು ಹೆಚ್ಚು. ಪಿಸ್ಟನ್ ತಲೆಯ ಮೇಲಿನ ಮಸಿ ಕೆರೆದಾಗ ‘060’ ಎಂಬ ಅಚ್ಚು ಕಾಣಿಸಿತು. ಹಾಗಾದರೆ ಇದು 216 ಎಂಜಿನ್ನೇ ಅಲ್ಲವೇ? ಇದನ್ನೇ ಸರಿಪಡಿಸುವುದೋ, 1954ರ ನಂತರದ 235 ಹುಡುಕುವುದೋ ಎಂಬ ಯೋಚನೆಯಲ್ಲಿದ್ದೇನೆ.

ಬೋರ್‌ಗೇಜ್

ಸಂಶಯವೇ ಬೇಡ, ಅದು 216. ಬೋರ್ ಒಂದನ್ನೇ ನೋಡಿದವರು 235 ಎಂದು ನಂಬಿದ್ದು ಸಹಜವೇ. ಪಿಸ್ಟನ್ನಿಗೆ ಅಯಸ್ಕಾಂತ ಹಿಡಿದು ನೋಡಿ. ಕಾರ್ಖಾನೆ 216ಕ್ಕೆ ಹಾಕುತ್ತಿದ್ದುದು ಎರಕದ ಕಬ್ಬಿಣದ ಪಿಸ್ಟನ್, ಅದಕ್ಕೆ ಅಯಸ್ಕಾಂತ ಅಂಟುತ್ತದೆ. ಬೋರ್ ಮಾಡಿಸಿದಾಗ ಅಲ್ಯೂಮಿನಿಯಂ ಪಿಸ್ಟನ್ ಹಾಕಿಸಿದ್ದರೆ ಅಂಟುವುದಿಲ್ಲ. ಹೊಸ ರಿಂಗ್ ತರಿಸುವಾಗ ಈ ವಿವರ ಬೇಕಾಗುತ್ತದೆ.

ಈಗಾಗಲೇ 60 ಓವರ್‌ಸೈಜಿಗೆ ಬಂದಿರುವ ಬ್ಲಾಕನ್ನು ಗೋಡೆಯ ದಪ್ಪ ಪರೀಕ್ಷಿಸದೆ ಮತ್ತೆ ಬೋರ್ ಮಾಡಿಸಬಾರದು. ಸಿಲಿಂಡರಿನ ಮೇಲ್ತುದಿಯ ಅಳತೆಗೂ ಕೆಳತುದಿಯ ಅಳತೆಗೂ ಇರುವ ವ್ಯತ್ಯಾಸ ಕಡಿಮೆಯಿದ್ದು ಐದನೆಯದರಲ್ಲಿ ಗುಳಿ ಬಿದ್ದಿಲ್ಲವಾದರೆ ಹೋನಿಂಗ್ ಮಾಡಿ (ಗೋಡೆಯನ್ನು ತೆಳುವಾಗಿ ಉಜ್ಜಿ) ರಿಂಗ್ ಬದಲಿಸಿದರೆ ಸಾಕು. ಗುಳಿ ಆಳವಾಗಿದ್ದರೆ ಆ ಒಂದಕ್ಕೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಬಹುದು. ಹೆಡ್ಡಿನಲ್ಲಿ ವಾಲ್ವ್ ಸೀಟುಗಳ ನಡುವೆ ಬಿರುಕಿದೆಯೇ ಎಂದು ಹೆಡ್ ಜೋಡಿಸುವ ಮುಂಚೆಯೇ ಪರೀಕ್ಷೆ ಮಾಡಿಸಿ.

ನನ್ನ ಅಭಿಪ್ರಾಯದಲ್ಲಿ ಈ ಎಂಜಿನ್ ಉಳಿಸಲು ಯೋಗ್ಯವಾಗಿದೆ. ಆದರೆ ಆ ತೀರ್ಮಾನವನ್ನು ಆಯಿಲ್ ಚೇಂಬರ್ (ಎಂಜಿನ್ನಿನ ತಳದ ಎಣ್ಣೆ ಪಾತ್ರೆ) ಇಳಿಸಿದ ಮೇಲೆ ಮಾಡಿ. 216ರಲ್ಲಿ ಪಂಪಿನ ಒತ್ತಡದಿಂದ ಎಣ್ಣೆ ಹೋಗುವುದು ಮೇನ್ ಬೇರಿಂಗ್ ಮತ್ತು ಕ್ಯಾಮ್ ಬೇರಿಂಗ್‌ಗಳಿಗೆ. ಕನೆಕ್ಟಿಂಗ್ ರಾಡಿನ ಬೇರಿಂಗಿಗೆ ಆ ಒತ್ತಡವಿಲ್ಲ. ಪ್ರತಿ ರಾಡಿನ ಕ್ಯಾಪ್ ಕೆಳಗೆ ಪುಟ್ಟ ಚಮಚವೊಂದಿದ್ದು, ಅದು ಚೇಂಬರಿನ ಒಳಗಿನ ತೊಟ್ಟಿಯಲ್ಲಿ ಅದ್ದಿ ಎಣ್ಣೆಯನ್ನು ಮೊಗೆದುಕೊಳ್ಳುತ್ತದೆ. ವೇಗ ಹೆಚ್ಚಿದಾಗ ನಳಿಕೆಗಳಿಂದ ಚಿಮ್ಮುವ ಎಣ್ಣೆಯ ಧಾರೆ ನೇರವಾಗಿ ಆ ಚಮಚಕ್ಕೇ ಬಡಿಯುತ್ತದೆ. ಇಷ್ಟು ವರ್ಷ ನಿಂತ ಗಾಡಿಯ ತೊಟ್ಟಿಗಳಲ್ಲಿ ಕಪ್ಪು ಗಸಿ ತುಂಬಿರುತ್ತದೆ, ನಳಿಕೆಗಳು ಕಟ್ಟಿಕೊಂಡಿರುತ್ತವೆ. ಪ್ರತಿಯೊಂದನ್ನೂ ತೆಳು ತಂತಿಯಿಂದ ಬಿಡಿಸಿ ಗಾಳಿ ಹಾಯಿಸಿ. ನಳಿಕೆ ಯಾವ ದಿಕ್ಕಿಗೆ ಗುರಿಯಿಟ್ಟಿದೆಯೋ ಅದು ಬಾಗದಂತೆ ಎಚ್ಚರವಹಿಸಿ. ಬಾಗಿದ್ದರೆ ಕಾರ್ಖಾನೆಯ ದುರಸ್ತಿ ಕೈಪಿಡಿಯ ಅಳತೆಗೆ ಸರಿಮಾಡದೆ ಚೇಂಬರ್ ಏರಿಸಬಾರದು.

ರಾಡಿನ ಬೇರಿಂಗ್ ಬದಲಿಸುವ ಶೆಲ್ ಅಲ್ಲ, ರಾಡಿಗೇ ಎರಕ ಹೊಯ್ದ ಬ್ಯಾಬಿಟ್ ಎಂಬ ಮೆತ್ತನೆಯ ಲೋಹ. ರಾಡಿಗೂ ಕ್ಯಾಪಿಗೂ ನಡುವೆ ಶಿಮ್ ಎಂಬ ತೆಳು ತಗಡಿನ ತುಂಡುಗಳಿರುತ್ತವೆ. ಸವೆತಕ್ಕೆ ತಕ್ಕಂತೆ ಎರಡೂ ಬದಿಯಿಂದ ಸಮನಾಗಿ ಒಂದೊಂದೇ ಶಿಮ್ ತೆಗೆದು, ಪ್ರತಿ ಸಲವೂ ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಸಂದು ಎಷ್ಟೆಂದು ತೋರಿಸುವ ಪ್ಲಾಸ್ಟಿಕ್ ಎಳೆ) ಇಟ್ಟು ಸಂದನ್ನು ಅಳೆದು ಬಿಗಿ ಮಾಡಬೇಕು. ಕ್ಯಾಪನ್ನು ಅರದಿಂದ ಉಜ್ಜಿ ಬಿಗಿ ಮಾಡುವವರಿದ್ದಾರೆ, ದಯವಿಟ್ಟು ಅದಕ್ಕೆ ಒಪ್ಪಬೇಡಿ. ಬ್ಯಾಬಿಟ್ ಬಿರುಕು ಬಿಟ್ಟಿದ್ದರೆ ಅಥವಾ ಹೊಪ್ಪಳೆಯಾಗಿ ಎದ್ದಿದ್ದರೆ ರಾಡನ್ನು ಹೊಸದಾಗಿ ಎರಕ ಹೊಯ್ಯಿಸದೆ ಬೇರೆ ದಾರಿಯಿಲ್ಲ. ಆರು ರಾಡ್‌ಗಳಿಗೂ ಅದೇ ಗತಿಯಾಗಿದ್ದರೆ ಮಾತ್ರ ನೀವು ಹೇಳಿದ 235ರ ಯೋಚನೆ ಲೆಕ್ಕಕ್ಕೆ ಬರುತ್ತದೆ.

ಆರುಸಿಲಿಂಡರ್

235ಕ್ಕೆ ಹೋಗುವುದಾದರೆ 1954 ಅಥವಾ ಅದರ ನಂತರದ್ದೇ ಆಗಿರಲಿ. ಅದರಲ್ಲಿ ರಾಡ್‌ಗಳಿಗೂ ಪೂರ್ಣ ಒತ್ತಡದ ಎಣ್ಣೆ, ಬದಲಿಸಬಹುದಾದ ಶೆಲ್ ಬೇರಿಂಗ್, ಅಲ್ಯೂಮಿನಿಯಂ ಪಿಸ್ಟನ್ ಇರುತ್ತವೆ. ದೂರದ ಓಡಾಟಕ್ಕೆ ಅದು ನಿಜಕ್ಕೂ ಮೇಲು. ಆದರೆ 1955ರ ನಂತರದ ಎಂಜಿನ್ನಿನ ವಾಟರ್ ಪಂಪ್ ಬೇರೆಯದಾದ್ದರಿಂದ ನಿಮ್ಮ ಗಾಡಿಯಲ್ಲಿ ಫ್ಯಾನ್ ರೇಡಿಯೇಟರಿಗೆ ತಾಗುತ್ತದೆ. ಅಡಾಪ್ಟರ್ ತಟ್ಟೆ ಹಾಕಿ ಹಳೆಯ ಪಂಪನ್ನೇ ಕೂರಿಸಬೇಕಾಗುತ್ತದೆ. 6 ವೋಲ್ಟ್ ಕಾಲದ ರಿಂಗ್ ಗೇರಿಗೆ 139 ಹಲ್ಲು, 12 ವೋಲ್ಟಿನದಕ್ಕೆ 168. ಹೀಗಾಗಿ ಸ್ಟಾರ್ಟರನ್ನೂ ರಿಂಗ್ ಗೇರನ್ನೂ ಜೋಡಿಯಾಗಿಯೇ ಹೊಂದಿಸಬೇಕು. 30ರ ಮೀಟರಿನ ಬದಲು 60ರದ್ದೂ ಬೇಕು.

216 ಉಳಿಸುವುದಾದರೆ, ಮೊದಲ ಸಲ ಚಾಲೂ ಮಾಡುವಾಗ ತೊಟ್ಟಿಗಳು ಒಣಗಿರಬಾರದು. ಚೇಂಬರ್ ಏರಿಸುವ ಮುಂಚೆ ಪ್ರತಿ ತೊಟ್ಟಿಗೂ ಎಣ್ಣೆ ತುಂಬಿ, ರಾಕರ್‌ಗಳ ಮೇಲೂ ಧಾರಾಳವಾಗಿ ಸುರಿಯಿರಿ. ಪ್ಲಗ್ ಹಾಕದೆ ಸ್ಟಾರ್ಟರಿನಿಂದ ತಿರುಗಿಸಿ, ಮೀಟರಿನ ಮುಳ್ಳು ಏಳುವುದನ್ನು ನೋಡಿದ ಮೇಲೆಯೇ ಪ್ಲಗ್ ಹಾಕಿ. ಬ್ಯಾಟರಿ 6 ವೋಲ್ಟ್, ನೆಗೆಟಿವ್ ತಂತಿ ಚಾಸಿಗೆ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಹೊತ್ತುವ ಸರದಿ) 1-5-3-6-2-4. ಎಂಜಿನ್ ಕಾದು ನಿಧಾನವಾಗಿ ಓಡುವಾಗ ಮುಳ್ಳು ಕೆಳಗೇ ಇದ್ದರೆ ಗಾಬರಿಯಾಗಬೇಡಿ, ಈ ಎಂಜಿನ್ನಿಗೆ ಅದು ಸಹಜ. ಗಸಿಯನ್ನು ಪೂರ್ತಿ ತೊಳೆದಿದ್ದರೆ ಈಗ ಸಿಗುವ ಡಿಟರ್ಜೆಂಟ್ ಎಣ್ಣೆಯನ್ನೇ ಹಾಕಬಹುದು. ಚೇಂಬರ್ ಇಳಿಸಿದಾಗ ಬ್ಯಾಬಿಟ್ ಹೇಗಿದೆ ಎಂಬುದನ್ನು, ಸಾಧ್ಯವಾದರೆ ಆರು ರಾಡ್‌ಗಳ ಚಿತ್ರದೊಂದಿಗೆ, ಇಲ್ಲಿ ಹಾಕಿ. ಯಾವ ರಾಡಿಗೆ ಏನು ಮಾಡಬೇಕೆಂದು ಅದನ್ನು ನೋಡಿ ಹೇಳಬಹುದು.